ಲೈಟ್ ಮಂಕಾದ್ರೆ ಮೊದ್ಲು ಅರ್ಥಿಂಗ್ ನೋಡಿ

ಕೇಳುಗ್ರಿಗೆಲ್ಲ ನಮಸ್ಕಾರ. ನಮ್ಮ ಕಾರವಾರ, ಅಂಕೋಲಾ, ಕುಮಟಾ ಕಡೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಇನ್ನೂ ಹಳೇ ಗಾಡಿಗಳು ಉಳ್ಕೊಂಡಿವೆ, ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್, ಜೀಪು, ಅಲ್ಲೊಂದು ಇಲ್ಲೊಂದು ಮಾರಿಸ್ ಮೈನರ್ ಕೂಡ. ಅಜ್ಜ ತಗೊಂಡಿದ್ದು, ಅಪ್ಪ ಓಡ್ಸಿದ್ದು, ಈಗ ಮಕ್ಕಳು ಟಿಂಕರಿಂಗ್ ಪೇಂಟಿಂಗ್ ಮಾಡ್ಸಿ ಹಬ್ಬಕ್ಕೆ, ಮದ್ವೆಗೆ ಹೊರಗೆ ತೆಗೀತಾರೆ. ಈ ಗಾಡಿಗಳ ಕರೆಂಟಿನ ತೊಂದ್ರೆ, ಅದ್ರಲ್ಲೂ ಅರ್ಥಿಂಗ್ ತೊಂದ್ರೆ ಬಗ್ಗೆ ಇವತ್ತು ಮಾತಾಡ್ತೇನೆ. ಸೆಲ್ಫ್ ಎಳೀತಿಲ್ಲ ಅಂತ ಹೊಸ ಬ್ಯಾಟರಿ ಹಾಕ್ಸ್ತಾರೆ, ಆಮೇಲೆ ಸೆಲ್ಫ್ ಮೋಟರ್ ಬಿಚ್ಚಿಸ್ತಾರೆ, ಆಮೇಲೆ ಬ್ಯಾಟರಿ ಚಾರ್ಜ್ ಮಾಡೋ ಡೈನಮೋ ರಿಪೇರಿ, ಇಷ್ಟೆಲ್ಲ ದುಡ್ಡು ಸುರಿದ ಮೇಲೆ ನೋಡಿದ್ರೆ ತಪ್ಪಿದ್ದು ಒಂದು ಬೋಲ್ಟಿನ ಬುಡದಲ್ಲಿ. ಅಂಬಾಸಿಡರ್ ತಯಾರಿ 2014ರಲ್ಲೇ ನಿಂತು ಹೋಯ್ತು, ಪದ್ಮಿನಿ ಅದಕ್ಕೂ ಎಷ್ಟೋ ಮೊದ್ಲೇ. ಒರಿಜಿನಲ್ ಸಾಮಾನು ಒಂದು ಸಲ ಬಿಚ್ಚಿ ಗುಜರಿಗೆ ಹಾಕಿದ್ರೆ ಮತ್ತೆ ಸಿಗೋದು ಕಷ್ಟ, ನಂಗೆ ಹೊಟ್ಟೆ ಉರಿಯೋದು ಅದಕ್ಕೇ.

ಮೊದ್ಲು ವಿಷ್ಯ ಏನು ಅಂದ್ರೆ, ಮನೆ ವೈರಿಂಗಲ್ಲಿ ಹೋಗ್ಲಿಕ್ಕೊಂದು ವೈರು, ಬರ್ಲಿಕ್ಕೊಂದು ವೈರು ಇರ್ತದೆ. ಕಾರಲ್ಲಿ ಹಾಗಲ್ಲ, ಬ್ಯಾಟರಿಯಿಂದ ಬಲ್ಬಿಗೆ ಹೋಗೋದು ವೈರಲ್ಲಿ, ವಾಪಸ್ ಬರೋದು ಗಾಡಿಯ ತಗಡಿನಲ್ಲೇ. ಈ ವಾಪಸ್ ದಾರಿಗೇ ಅರ್ಥ್, ಅರ್ಥಿಂಗ್ ಅನ್ನೋದು. ಅಂದ್ರೆ ಮಡ್‌ಗಾರ್ಡು, ಡಿಕ್ಕಿ, ಬಾಡಿ ಎಲ್ಲ ಸೇರಿ ಒಂದು ದೊಡ್ಡ ವೈರು. ಈ ದೊಡ್ಡ ವೈರಿಗೆ ಬ್ಯಾಟರಿ, ಎಂಜಿನ್, ಒಂದೊಂದು ಲೈಟು ಸೇರೋ ಜಾಗದಲ್ಲಿ ಸ್ಕ್ರೂ, ಬೋಲ್ಟು, ಥಿಂಬಲ್ ಅಂದ್ರೆ ವೈರಿನ ತುದಿಗೆ ಹಾಕೋ ಲೋಹದ ಬಳೆ ಇರ್ತಾವೆ, ಕೆಡೋದೂ ಅಲ್ಲೇ. ತಾಮ್ರದ ಥಿಂಬಲ್ಲು ಕಬ್ಬಿಣದ ತಗಡಿಗೆ ಕೂತಿರ್ತದೆ, ನಡುವೆ ಉಪ್ಪಿನ ಪಸೆ ಸೇರಿದ್ರೆ ಕಬ್ಬಿಣ ಬೇಗ ತುಕ್ಕು ಹಿಡೀತದೆ, ಆ ತುಕ್ಕಿನಲ್ಲಿ ಕರೆಂಟ್ ಸರಿಯಾಗಿ ಹರಿಯಲ್ಲ. ಬೈತಖೋಲ, ಮಾಜಾಳಿ ಕಡೆ ಸಮುದ್ರದ ಗಾಳಿ ನೇರ ಬಡಿಯೋ ಮನೆಯಲ್ಲಿ ಗಾಡಿ ನಿಲ್ಸೋವ್ರಿಗೆ ಇದನ್ನ ಬಿಡ್ಸಿ ಹೇಳ್ಬೇಕಾಗಿಲ್ಲ, ಕಿಟಕಿ ಸರಳು ಏನಾಗ್ತದೆ ಅಂತ ಅವ್ರಿಗೆ ಗೊತ್ತು. ಘಟ್ಟದ ಮೇಲೆ ಉಪ್ಪಿಲ್ಲ ಹೌದು, ಆದ್ರೆ ನಾಲ್ಕು ತಿಂಗಳು ಹನಿ ಕಡಿಯದ ಮಳೆ, ಗಾಡಿ ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ನಿಂತಲ್ಲೇ ನಿಂತಿರ್ತದೆ, ಥಂಡಿ ಸಾಕು.

ಇನ್ನೊಂದು ಕಾರಣ ಪೇಂಟಿಂಗ್. ಶಿರಸಿ ಕಡೆಯ ರಿಟೈರ್ಡ್ ಮಾಸ್ತರ್ರೊಬ್ರು ಪದ್ಮಿನಿಗೆ ಚಂದ ಪೇಂಟ್ ಹೊಡ್ಸಿದ್ರು, ಮನೆಗೆ ತಂದು ನೋಡಿದ್ರೆ ವಿಚಿತ್ರ ಶುರು. "ತಮಾ, ಬ್ರೇಕ್ ಒತ್ತಿದ್ರೆ ಮೀಟರಿನ ಲೈಟ್ ಹತ್ತುತ್ತಲ್ಲೋ, ಇದೆಂತದು?" ಅಂತ ನನ್ನ ಕೇಳಿದ್ರು. ಒಂದು ಗ್ಯಾರೇಜಿನವ್ರು ಪೂರ್ತಿ ವೈರಿಂಗೇ ಬದಲಾಯ್ಸ್ಬೇಕು ಅಂದಿದ್ರಂತೆ. "ಮಾಸ್ತರ್ರೇ, ವೈರಿಂಗ್ ಮುಟ್ಟೋದು ಬ್ಯಾಡ, ಹಿಂದಿನ ಲೈಟ್ ಬಿಚ್ಚೋಣ" ಅಂದೆ. ಹಿಂದಿನ ಬಲ್ಬ್ ನೋಡಿದೀರಲ್ಲ, ಒಂದೇ ಬಲ್ಬಿನಲ್ಲಿ ಎರಡು ತಂತಿ, ಬ್ರೇಕಿಗೆ 21 ವ್ಯಾಟಿಂದು, ಪಾರ್ಕಿಂಗಿಗೆ 5 ವ್ಯಾಟಿಂದು, ಎರಡಕ್ಕೂ ಅರ್ಥ್ ಒಂದೇ, ಬಲ್ಬಿನ ಹಿತ್ತಾಳೆ ಬುಡ. ಆ ಬುಡ ಕೂರೋ ಹೋಲ್ಡರು ಸ್ಕ್ರೂ ಮೂಲಕ ಬಾಡಿಗೆ ಸೇರ್ತದೆ. ಸ್ಕ್ರೂ ಕೆಳಗೆ ಪೇಂಟ್ ಕೂತ್ರೆ ಆ ದಾರಿ ಬಂದ್. ಆಗ ಬ್ರೇಕ್ ಒತ್ತಿದ್ರೆ ಕರೆಂಟು 21 ವ್ಯಾಟಿನ ತಂತಿ ದಾಟಿ ಬುಡಕ್ಕೆ ಬರ್ತದೆ, ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ, ಹಾಗಾಗಿ ಪಕ್ಕದ 5 ವ್ಯಾಟಿನ ತಂತಿಯಲ್ಲಿ ಉಲ್ಟಾ ಹೊಕ್ಕು ಪಾರ್ಕಿಂಗ್ ವೈರು ಹಿಡ್ದು ಮುಂದೆ ಹೋಗಿ ಸೈಡ್ ಲೈಟು, ನಂಬರ್ ಪ್ಲೇಟ್ ಲೈಟು, ಮೀಟರ್ ಲೈಟು, ಎಲ್ಲೆಲ್ಲಿ ಅರ್ಥ್ ಸಿಕ್ತದೋ ಅಲ್ಲೆಲ್ಲ ಇಳೀತದೆ. ಅದಕ್ಕೇ ಮೀಟರು ಮಿಣಮಿಣ ಅನ್ನೋದು. ಸ್ಕ್ರೂ ತೆಗೆದು, ಅದು ಕೂರೋ ಜಾಗವನ್ನ ಎಮರಿ ಪೇಪರ್ರಿನಲ್ಲಿ ಉಜ್ಜಿ ಬಿಳಿ ತಗಡು ಕಾಣೋ ಹಾಗೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದ್ವಿ, ಅಷ್ಟೇ ಕೆಲ್ಸ.

ಇಂಥದೇ ಬೇರೆ ಲಕ್ಷಣಗಳೂ ಇವೆ. ಇಂಡಿಕೇಟರ್ ಹಾಕಿದ್ರೆ ಹಿಂದಿನ ಕೆಂಪು ಲೈಟೂ ಜೊತೆಗೆ ಕಣ್ಣು ಹೊಡೀತದೆ. ಹೆಡ್‌ಲೈಟ್ ಹಾಕಿದ ಕೂಡ್ಲೇ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಜಾಗ ಬದಲಾಯಿಸ್ತಾವೆ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಸಾಮಾನು ಒಟ್ಟಿಗೇ ಕೈಕೊಟ್ರೆ ನಂಗೆ ಮೊದ್ಲು ಅನುಮಾನ ಬರೋದು ಅರ್ಥಿಂಗ್ ಮೇಲೆ.

ಈಗ ಸೆಲ್ಫ್ ವಿಷಯಕ್ಕೆ ಬರೋಣ, ದುಡ್ಡು ಹೆಚ್ಚು ಹಾಳಾಗೋದು ಇಲ್ಲೇ. ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಲ್ಲಿ ಕರೆಂಟ್ ಹೋಗಲ್ಲ, ಅದಕ್ಕೆ ಎಂಜಿನ್ನಿಂದ ಬಾಡಿಗೆ ತಾಮ್ರದ ಎಳೆ ಹೆಣೆದ ಒಂದು ಪಟ್ಟಿ ಕೊಟ್ಟಿರ್ತಾರೆ. ಎಂಜಿನ್ ಇಳ್ಸಿ ಹತ್ಸೋವಾಗ ಆ ಪಟ್ಟಿ ಎಷ್ಟೋ ಸಲ ಮರ್ತೇ ಹೋಗ್ತದೆ. ಇಲ್ಲಾ ಹೊರಗಿಂದ ಚಂದ ಕಾಣ್ತದೆ, ಮಡಚಿ ನೋಡಿದ್ರೆ ಒಳಗಿನ ಎಳೆ ಹಸಿರು ಪುಡಿ ಆಗಿರ್ತದೆ. ಪಟ್ಟಿ ಇಲ್ಲದಿದ್ರೂ ಕರೆಂಟ್ ಸುಮ್ನಿರಲ್ಲ, ಚೋಕ್ ಕೇಬಲ್ಲೋ ಆಕ್ಸಿಲರೇಟರ್ ಕೇಬಲ್ಲೋ ಹಿಡ್ಕೊಂಡು ವಾಪಸ್ ಹೋಗ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿ ಆಗ್ತದೆ, ಹೊಗೆ ಬರ್ತದೆ ಅಂದ್ರೆ ಅಲ್ಲಿಗೇ ನಿಲ್ಸಿ, ಮೊದ್ಲು ಪಟ್ಟಿ ಹಾಕಿ. ಇದು ಬೆಂಕಿಯ ವಿಷ್ಯ, ತಮಾಷೆ ಅಲ್ಲ. ಜೀಪಿನವ್ರು ಇನ್ನೂ ಒಂದು ನೋಡ್ಬೇಕು, ಪದ್ಮಿನಿ, ಅಂಬಾಸಿಡರ್ ಹಾಗೆ ಅದ್ರದ್ದು ಒಂದೇ ಕಟ್ಟಿನ ಬಾಡಿ ಅಲ್ಲ, ಚಾಸಿ ಬೇರೆ ಬಾಡಿ ಬೇರೆ, ಹಾಗಾಗಿ ಅವೆರಡ್ರ ನಡುವೆಯೂ ಗಟ್ಟಿ ಅರ್ಥ್ ಬೇಕು.

ಪರೀಕ್ಷೆ ಹೇಗೆ? ತುಂಬ ಜನ ಮಲ್ಟಿಮೀಟರನ್ನ ಓಮ್‌ಗೆ, ಅಂದ್ರೆ ಕರೆಂಟಿನ ತಡೆ ಅಳೆಯೋದಕ್ಕೆ ಇಟ್ಟು ಕಡ್ಡಿ ಮುಟ್ಸಿ, ಸೊನ್ನೆ ತೋರಿಸ್ತು, ಅರ್ಥಿಂಗ್ ಸರಿ ಇದೆ ಅಂತಾರೆ. ಅದನ್ನ ನಂಬ್ಬೇಡಿ. ಓಮ್‌ನಲ್ಲಿ ಮೀಟರ್ ಬಿಡೋದು ಅತೀ ಸಣ್ಣ ಕರೆಂಟು, ಒಂದೇ ಎಳೆ ಉಳಿದಿದ್ರೂ ಅದು ದಾಟ್ತದೆ. ತೋಟದ ಪೈಪಿನಲ್ಲಿ ಕಸ ಸಿಕ್ಕಿದ್ರೂ ವಾಲ್ವ್ ಮುಚ್ಚಿದಾಗ ಪ್ರೆಶರ್ ಸರಿಯಾಗೇ ಕಾಣೋದಿಲ್ವಾ, ಜೆಟ್ ತಿರುಗ್ಲಿಕ್ಕೆ ಬಿಟ್ಟಾಗ ಮಾತ್ರ ಬಣ್ಣ ಬಯಲು, ಇದೂ ಹಾಗೇ. ಹಾಗಾಗಿ ಲೋಡ್ ಇರೋವಾಗ್ಲೇ, ಅಂದ್ರೆ ಜೋರು ಕರೆಂಟ್ ಹರೀತಿರೋವಾಗ್ಲೇ ಅಳೀಬೇಕು. ಮೀಟರನ್ನ 20 ವೋಲ್ಟ್ ಡಿಸಿಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಸೀಸದ ಗೂಟಕ್ಕೆ, ಗಮನ ಇರ್ಲಿ, ಕ್ಲಾಂಪಿಗಲ್ಲ, ಗೂಟಕ್ಕೇ. ಇನ್ನೊಂದು ಎಂಜಿನ್ ಬ್ಲಾಕಿನ ಮೇಲೆ ಪೇಂಟಿಲ್ಲದ ಜಾಗಕ್ಕೆ. ಸ್ಪಾರ್ಕಿಗೆ ಕರೆಂಟ್ ಕೊಡೋ ಕಾಯಿಲಿನ ವೈರ್ ತೆಗೆದಿಟ್ಟು ಎಂಜಿನ್ ಸ್ಟಾರ್ಟ್ ಆಗದ ಹಾಗೆ ಮಾಡಿ ಇನ್ನೊಬ್ರಿಗೆ ಸೆಲ್ಫ್ ಹೊಡಿಲಿಕ್ಕೆ ಹೇಳಿ. ಮೀಟರ್ 0.2, 0.3 ವೋಲ್ಟ್ ತೋರ್ಸಿದ್ರೆ ಅಡ್ಡಿಲ್ಲ, ಅರ್ಧ ವೋಲ್ಟ್ ದಾಟಿತು ಅಂದ್ರೆ ದಾರಿಯಲ್ಲಿ ತಡೆ ಇದೆ. ಅರ್ಧ ವೋಲ್ಟಿಗೆ ಏನ್ಮಹಾ ಅನ್ಬೇಡಿ, ಸೆಲ್ಫ್ 150 ಆಂಪಿಯರ್ ಎಳೀತಿದೆ ಅಂತ ಇಟ್ಕೊಳ್ಳಿ, ದಾರಿಯಲ್ಲಿ 0.01 ಓಮ್ ತಡೆ ಇದ್ರೂ ಒಂದೂವರೆ ವೋಲ್ಟ್ ಅಲ್ಲೇ ಉರಿದು ಹೋಗ್ತದೆ. ಸಿಕ್ಕಿದ ಮೇಲೆ ಕಡ್ಡಿಯನ್ನ ಒಂದೊಂದೇ ಹೆಜ್ಜೆ ಹಿಂದೆ ತನ್ನಿ, ಬ್ಲಾಕ್, ಪಟ್ಟಿಯ ಆ ತುದಿ, ಈ ತುದಿ, ಬಾಡಿ, ಬ್ಯಾಟರಿ ಕೇಬಲ್, ಕ್ಲಾಂಪು. ಯಾವ ಎರಡು ಜಾಗದ ನಡುವೆ ವೋಲ್ಟ್ ದಿಢೀರ್ ಇಳೀತದೋ ತಪ್ಪು ಅಲ್ಲಿದೆ. ಮೀಟರ್ ಇಲ್ದವ್ರು ದಪ್ಪ ಜಂಪರ್ ಕೇಬಲ್ ಒಂದನ್ನ ಬ್ಯಾಟರಿ ನೆಗೆಟಿವಿಂದ ನೇರ ಬ್ಲಾಕಿಗೆ ಕಚ್ಚಿಸಿ ಸೆಲ್ಫ್ ಹೊಡೀರಿ, ಎಂಜಿನ್ ಲಕಲಕ ತಿರುಗಿತಾ, ಬ್ಯಾಟರಿಗೆ ಬೈಯೋದು ಬಿಡಿ.

ಹೆಡ್‌ಲೈಟಿಗೂ ಇದೇ ಲೆಕ್ಕ. ವೋಲ್ಟೇಜ್ ನೂರಕ್ಕೆ ಹತ್ತರಷ್ಟು ಇಳಿದ್ರೆ ಬೆಳಕು ಹೆಚ್ಚುಕಡಿಮೆ ಮೂವತ್ತರಷ್ಟು ಇಳೀತದೆ. ಜುಲೈ ತಿಂಗಳ ರಾತ್ರಿ ದೇವಿಮನೆ ಘಟ್ಟದಲ್ಲಿ ಮಂಜು ಮಳೆ ನಡುವೆ ಆ ಮೂವತ್ತು ಎಷ್ಟು ದೊಡ್ಡದು ಅಂತ ಹತ್ತಿದವ್ರಿಗೆ ಗೊತ್ತು. ದೊಡ್ಡ ಬಲ್ಬ್ ಹಾಕ್ಬೇಡಿ, ಹೆಡ್‌ಲೈಟಿನ ಅರ್ಥ್ ವೈರ್ ಹುಡುಕಿ, ಅಂಬಾಸಿಡರಿನ ಲೂಕಾಸ್ ಕಂಪನಿ ಪದ್ಧತಿಯ ವೈರಿಂಗಲ್ಲಿ ಅದು ಕಪ್ಪು ಬಣ್ಣದ್ದು.

ಡೈನಮೋ ಇರೋ ಗಾಡಿಯವ್ರು ಚಾರ್ಜ್ ಹತೋಟಿಯಲ್ಲಿಡೋ ಕಟ್‌ಔಟ್ ರೆಗ್ಯುಲೇಟರ್ ಡಬ್ಬಿಯ ಅರ್ಥ್ ಕೂಡ ನೋಡ್ಬೇಕು. ಅದು ಸಡಿಲ ಆದ್ರೆ ರೆಗ್ಯುಲೇಟರಿಗೆ ವೋಲ್ಟೇಜ್ ಕಡಿಮೆ ಇದ್ದ ಹಾಗೆ ಅನ್ನಿಸಿ ಚಾರ್ಜ್ ಜಾಸ್ತಿ ಕೊಡ್ತಾ ಹೋಗ್ತದೆ, ಬ್ಯಾಟರಿ ನೀರು ಪದೇ ಪದೇ ಬತ್ತುತ್ತದೆ. ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್ ಒಳಗೂ ಒಂದು ಸಣ್ಣ ಅರ್ಥ್ ವೈರ್ ಇರ್ತದೆ, ಅದು ಹರಿದಿದ್ರೆ ಎಂಜಿನ್ ಮಿಸ್ ಹೊಡೀತದೆ, ಜನ ಕಾರ್ಬುರೇಟರ್ ಬಿಚ್ತಾ ಕೂರ್ತಾರೆ.

ಸರಿ ಮಾಡೋವಾಗ ಮೊದ್ಲು ಬ್ಯಾಟರಿಯ ಅರ್ಥ್ ಕೇಬಲ್ ತೆಗೀರಿ, ಹಾಕೋವಾಗ ಅದನ್ನೇ ಕೊನೆಗೆ ಹಾಕಿ. ಟರ್ಮಿನಲ್ ಮೇಲಿನ ಬಿಳಿ ಹಸಿರು ಪುಡಿಗೆ ಅಡುಗೆ ಸೋಡಾ ಕಲಸಿದ ಬಿಸಿನೀರು ಸಾಕು, ಬ್ಯಾಟರಿ ಒಳಗೆ ಮಾತ್ರ ಹೋಗ್ಬಾರ್ದು. ತಗಡು ಉಜ್ಜಿ, ಥಿಂಬಲ್ ಉಜ್ಜಿ, ಒಣಗಿದ ಮೇಲೆ ಬಿಗಿ ಮಾಡಿ, ಆಮೇಲೆ ಮೇಲಿಂದ ವಾಸೆಲೀನ್ ದಪ್ಪಕ್ಕೆ ಮೆತ್ತಿ. ಕರಾವಳಿಯವ್ರು ಇದನ್ನ ಮೇ ತಿಂಗಳಲ್ಲಿ ಮುಗ್ಸಿ, ಮಳೆ ಬಿಟ್ಟ ಮೇಲೆ ಇನ್ನೊಮ್ಮೆ ನೋಡಿದ್ರೆ ಒಳ್ಳೇದು.

ಮಾರಿಸ್ ಮೈನರ್ ಥರದ ಗಾಡಿ ಇಟ್ಕೊಂಡವ್ರಿಗೆ ಒಂದು ಮಾತು. 1960ರ ದಶಕದ ಕೊನೆಯವರೆಗೆ ಬಂದ ತುಂಬ ಬ್ರಿಟಿಷ್ ಗಾಡಿಗಳಲ್ಲಿ ಬಾಡಿಗೆ ಸೇರೋದು ಬ್ಯಾಟರಿಯ ಪಾಸಿಟಿವ್. ನಾನು ಇಷ್ಟೊತ್ತು ನೆಗೆಟಿವ್ ಅಂದಿದ್ದನ್ನೆಲ್ಲ ನಿಮ್ಮ ಗಾಡಿಗೆ ಪಾಸಿಟಿವ್ ಅಂತ ಓದ್ಕೊಳ್ಳಿ, ಬ್ಯಾಟರಿ ಕೂರ್ಸೋ ಮೊದ್ಲು ಹಳೇ ಕೇಬಲ್ ಯಾವುದು ಎಲ್ಲಿತ್ತು ಅಂತ ಮೊಬೈಲಲ್ಲಿ ಒಂದು ಫೋಟೋ ತೆಗ್ದಿಡಿ, ಹೊಸ ಸ್ಟೀರಿಯೋ, ಚಾರ್ಜರ್ ಏನಾದ್ರೂ ಹಾಕೋ ಮೊದ್ಲು ಎಲೆಕ್ಟ್ರಿಷಿಯನ್ನಿಗೆ ಇದನ್ನ ಬಾಯ್ಬಿಟ್ಟು ಹೇಳಿ. ನಮಸ್ಕಾರ.