ನಮ್ಮ ಮನೆ ಗುಟ್ಟು ಗೊತ್ತಿದ್ದ ಅಂಗಡಿಗಳು

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಇದು ತುಮಕೂರು. ನೀವು ನೋಡುತ್ತಿರುವುದು ಮಂಡಿಪೇಟೆ, ಬೆಳಗ್ಗೆ ಏಳೂವರೆ. ಅಂಗಡಿ ಬಾಗಿಲು ಈಗ ಒಂದೊಂದಾಗಿ ತೆಗೆಯುತ್ತಿದ್ದಾರೆ. ಅದಕ್ಕೇ ಕ್ಯಾಮೆರಾ ಹಿಡಿದು ನಡೆಯಲು ಜಾಗ ಸಿಕ್ಕಿದೆ. ಇನ್ನೊಂದು ಗಂಟೆ ಕಳೆದರೆ ಲಗೇಜ್ ಆಟೋಗಳ ಮಧ್ಯೆ ನಾನೇ ಕಾಣುವುದಿಲ್ಲ.

ಹಳೇ ಕಸುಬು, ಹಳೇ ಅಂಗಡಿ ಮೇಲೆ ಒಂದು ವಿಡಿಯೋ ಮಾಡಿ ಅಂತ ನಿಮ್ಮಲ್ಲಿ ಸುಮಾರು ಜನ ಕೇಳಿದ್ದಿರಿ. ಗೋಲಿ ಸೋಡಾ, ಐಸ್ ಕ್ಯಾಂಡಿ ಎಲ್ಲ ಬೇರೆಯವರು ತೋರಿಸಿಯಾಗಿದೆ, ಬಿಡಿ. ನನಗೆ ಜಾಸ್ತಿ ನೆನಪಾಗುವುದು ಬೇರೆ ಒಂದು ಗುಂಪು. ಅವರು ನೆಂಟರಲ್ಲ, ಪಕ್ಕದ ಮನೆಯವರೂ ಅಲ್ಲ. ಆದರೆ ನಮ್ಮ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ನೆಂಟರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ಮೊದಲನೆಯವರು ಕಲಾಯಿ ಸಾಹೇಬರು.

ಹಬ್ಬಕ್ಕೆ ಸ್ವಲ್ಪ ಮುಂಚೆ ಬರುತ್ತಿದ್ದರು. ಬೀದಿ ತುದಿಯಿಂದಲೇ ‘ಕಲಾಯೀ... ಪಾತ್ರೆಗೆ ಕಲಾಯೀ’ ಅಂತ ಕೂಗು. ಹುಣಸೆಹುಳಿ ಹಾಕಿದ ಸಾರನ್ನು ಬರೀ ಹಿತ್ತಾಳೆ ಪಾತ್ರೆಯಲ್ಲಿ ಮಾಡಿದರೆ ಕಿಲುಬು ಬಿಡುತ್ತದೆ, ಹೊಟ್ಟೆಗೆ ಒಳ್ಳೆಯದಲ್ಲ. ಅದಕ್ಕೇ ಒಳಗಡೆ ತವರದ ಲೇಪ ಬೇಕು, ಅದೇ ಕಲಾಯಿ. ಅದು ತಿಕ್ಕಿ ತಿಕ್ಕಿ ಸವೆದ ಮೇಲೆ ಮತ್ತೆ ಹಾಕಿಸಬೇಕು. ಬೇವಿನ ಮರದ ಕೆಳಗೆ ಅವರು ಒಂದು ಸಣ್ಣ ಗುಂಡಿ ತೋಡಿ, ಇದ್ದಿಲು ತುಂಬಿ, ಚರ್ಮದ ತಿದಿ ಹೂಳಿ ಕೂರುತ್ತಿದ್ದರು. ಜೊತೆಗೆ ಬಂದ ಹುಡುಗ ಪಾತ್ರೆಯೊಳಗೆ ಮರಳು, ಗೋಣಿ ಚೂರು ಹಾಕಿ, ತಾನೇ ಒಳಗಿಳಿದು, ಮರ ಹಿಡಿದುಕೊಂಡು ಸೊಂಟ ತಿರುಗಿಸುತ್ತಾ ಕಾಲಲ್ಲೇ ಉಜ್ಜುತ್ತಿದ್ದ. ನಾವು ಮಕ್ಕಳು ಸುತ್ತ ನಿಂತು ನಗುತ್ತಿದ್ದೆವು. ಅವನಿಗೂ ನಮ್ಮಷ್ಟೇ ವಯಸ್ಸು, ಶಾಲೆಗೆ ಹೋಗುತ್ತಿರಲಿಲ್ಲ ಅನ್ನುವುದು ಆಗ ನಮ್ಮ ತಲೆಗೆ ಹೊಳೆಯಲೇ ಇಲ್ಲ.

ಪಾತ್ರೆ ಬೆಂಕಿ ಮೇಲೆ ಚೆನ್ನಾಗಿ ಕಾಯಬೇಕು. ಆಮೇಲೆ ಒಂದು ಚಿಟಿಕೆ ನವಸಾಗರದ ಪುಡಿ. ಬುಸ್ ಅಂತ ಬಿಳಿ ಹೊಗೆ, ಮೂಗು ಸುಡುವ ಘಾಟು. ಆ ಹೊಗೆಯೊಳಗೇ ತವರದ ಕಡ್ಡಿಯನ್ನು ಒಂದೆರಡು ಸಲ ಮುಟ್ಟಿಸಿ, ಹತ್ತಿ ಉಂಡೆ ಹಿಡಿದು ಸರಸರ ಸವರುತ್ತಿದ್ದರು. ನೋಡುತ್ತಿದ್ದಂತೆ ಹಳದಿ ಪಾತ್ರೆ ಒಳಗೆಲ್ಲ ಬೆಳ್ಳಗೆ. ತಕ್ಷಣ ನೀರಿಗೆ ಅದ್ದಿದರೆ ಚುರ್ ಅಂತ ಸದ್ದು. ತವರ 232 ಡಿಗ್ರಿಗೇ ಕರಗುತ್ತದೆ, ಹಿತ್ತಾಳೆಗೆ ಅದರ ನಾಲ್ಕು ಪಟ್ಟು ಬಿಸಿ ಬೇಕು. ಇಡೀ ಕಸುಬು ನಿಂತಿರುವುದು ಆ ವ್ಯತ್ಯಾಸದ ಮೇಲೆ. ‘ನೀರು ಹಾಕ್ದೆ ತಪ್ಪಲೆ ಒಲೆ ಮೇಲಿಡಬೇಡ, ಕಲಾಯಿ ಹೋಗತ್ತೆ’ ಅಂತ ಅಮ್ಮ ಬೈಯುತ್ತಿದ್ದದ್ದೂ ಇದಕ್ಕೇ.

ಇನ್ನು ಗುಟ್ಟಿನ ವಿಷಯ. ಮನೆಯಿಂದ ಯಾವ ಪಾತ್ರೆ ಹೊರಗೆ ಬಂತು ಅನ್ನುವುದರಲ್ಲೇ ಅವರಿಗೆ ಎಲ್ಲ ತಿಳಿಯುತ್ತಿತ್ತು. ದೊಡ್ಡ ಕೊಳಗ ಬಂದರೆ ಮದುವೆ, ಇಲ್ಲವೇ ಗೃಹಪ್ರವೇಶ. ಒಂದು ವರ್ಷ ನಮ್ಮ ಮನೆಯಿಂದ ಬರೀ ಸಣ್ಣ ತಪ್ಪಲೆಗಳು ಬಂದವು. ‘ಅಕ್ಕಾ, ಆ ದೊಡ್ಡ ಕೊಳಗ ಎಲ್ಲಿ? ತರ್ಲಿಲ್ವಲ್ಲ’ ಅಂದರು. ‘ತಂಗಿ ಮನೇಲಿದೆ ಸಾಹೇಬ್ರೆ, ಅವರ ಮನೇಲಿ ಕಾರ್ಯ ಇತ್ತು’ ಅಂದಳು ಅಮ್ಮ. ಕೊಳಗ ಇದ್ದದ್ದು ಗಿರವಿ ಅಂಗಡಿಯಲ್ಲಿ. ಅವರು ‘ಹೌದಾ’ ಅಂದು ತಿದಿ ಒತ್ತತೊಡಗಿದರು. ಮುಂದಿನ ವರ್ಷವೂ ಕೊಳಗ ಇರಲಿಲ್ಲ. ಆಗ ಅವರು ಕೇಳಲಿಲ್ಲ.

ಆಮೇಲೆ ಸ್ಟೀಲ್ ಬಂತು. ಹುಳಿ ತಾಕಿದರೂ ಕಿಲುಬು ಇಲ್ಲ, ಹುಣಸೆಹಣ್ಣು ಹಾಕಿ ಬೆಳಗುವ ಕೆಲಸವೂ ಇಲ್ಲ. ಹೆಂಗಸರಿಗೆ ಎಷ್ಟು ಸಲೀಸಾಯಿತು ಅಂದರೆ, ಆ ಬಗ್ಗೆ ಬೇಜಾರು ಮಾಡಿಕೊಳ್ಳುವ ಹಕ್ಕು ಪಾತ್ರೆ ತೊಳೆಯದ ನನಗಂತೂ ಇಲ್ಲ. ತೂಕದ ಲೆಕ್ಕದಲ್ಲಿ ಹಿತ್ತಾಳೆ ಕೊಟ್ಟು ಸ್ಟೀಲ್ ತಂದರು. ಅಂಗಡಿಯಲ್ಲೇ ಕೂತು ಪಾತ್ರೆ ಮೇಲೆ ಗರ್ ಅಂತ ಹೆಸರು ಕೊರೆಯುವ ಇನ್ನೊಂದು ಕೆಲಸ ಹುಟ್ಟಿತು. ಅಂದು ತೂಕಕ್ಕೆ ಹಾಕಿದ ಅದೇ ಥರದ ಹಂಡೆಯಲ್ಲಿ ಈಗ ಹೋಟೆಲಿನವರು ನೀರು ತುಂಬಿ ಗುಲಾಬಿ ದಳ ತೇಲಿ ಬಿಡುತ್ತಾರೆ. ಬೆಲೆ ಕೇಳಬೇಡಿ.

ಇಲ್ಲಿಂದ ಎಡಕ್ಕೆ ತಿರುಗೋಣ. ಈ ಬೇಕರಿ ಇದೆಯಲ್ಲ, ಇಲ್ಲಿ ಬಾಡಿಗೆ ಸೈಕಲ್ ಅಂಗಡಿ ಇತ್ತು. ಗಂಟೆ ಲೆಕ್ಕ, ಎಣ್ಣೆ ಮೆತ್ತಿದ ಒಂದು ರಿಜಿಸ್ಟರ್. ಡೆಪಾಸಿಟ್ ಇಲ್ಲ, ಐಡಿ ಇಲ್ಲ. ‘ಯಾರ ಮಗ ನೀನು?’ ಒಂದೇ ಪ್ರಶ್ನೆ. ಅಪ್ಪನ ಹೆಸರು ಹೇಳಿದರೆ ಸೈಕಲ್ ಸಿಗುತ್ತಿತ್ತು. ಅಪ್ಪ ಎಲ್ಲಾದರೂ ಬಾಕಿ ಉಳಿಸಿಕೊಂಡಿದ್ದರೆ ಸಿಗುತ್ತಿರಲಿಲ್ಲ, ಅಷ್ಟೇ.

ತುಮಕೂರಿಗೆ ಬಂದು ವಾಚ್ ಬಗ್ಗೆ ಮಾತಾಡದೆ ಹೋದರೆ ಊರಿನವರು ಬಿಡುವುದಿಲ್ಲ. ಜಪಾನಿನ ಸಿಟಿಜನ್ ಜೊತೆ ಸೇರಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಲ್ಲಿ ವಾಚ್ ಮಾಡಲು ಶುರು ಮಾಡಿತು. ಎಪ್ಪತ್ತರ ದಶಕದಲ್ಲಿ ನಮ್ಮೂರಿಗೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕಾಂಚನ್ ಅಂತ ಹೆಸರುಗಳು. ಮದುವೆ ಮಾತುಕತೆಯಲ್ಲಿ ವರನಿಗೆ ಯಾವ ವಾಚ್ ಅನ್ನುವುದೂ ಒಂದು ಐಟಂ. ಬೆಳಗ್ಗೆ ಎದ್ದು ಕೀ ಕೊಡಬೇಕು, ಮರೆತರೆ ನಿಂತುಬಿಡುತ್ತಿತ್ತು.

ವಾಚ್ ರಿಪೇರಿಯವರು ಗಾಜಿನ ಪೆಟ್ಟಿಗೆ ಹಿಂದೆ ಕೂತು, ಕಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆಯುತ್ತಿದ್ದರು. ಒಮ್ಮೆ ಅಪ್ಪನ ಜನತಾ ವಾಚಿನ ಮುಚ್ಚಳವನ್ನು ನನ್ನ ಕೈಗೆ ಕೊಟ್ಟು, ‘ಬೆಳಕಿಗೆ ಹಿಡಿ’ ಅಂದರು. ಒಳಗಡೆ ಸೂಜಿಯಿಂದ ಗೀಚಿದ ಸಣ್ಣ ಸಣ್ಣ ಗುರುತು. ತಿಂಗಳು, ವರ್ಷ, ಪಕ್ಕದಲ್ಲಿ ಒಂದು ಅಕ್ಷರ. ರಿಪೇರಿ ಮಾಡಿದವರೆಲ್ಲ ಮುಂದಿನವರಿಗೆ ಬರೆದಿಟ್ಟ ಟಿಪ್ಪಣಿ ಅದು. ‘ಇಲ್ಲಿ ನೀರು ಹೋಗಿದೆ, ಇಲ್ಲಿ ಬೀಳಿಸಿದಾರೆ. ಇದು ನಿಮ್ಮಪ್ಪನ ಕೈಗೆ ಬರೋ ಮುಂಚೆ ಇನ್ನೊಬ್ಬರ ಹತ್ರ ಇತ್ತು’ ಅಂದರು. ಅಪ್ಪ ಅದನ್ನು ಹೊಸದು ಅಂತಲೇ ಮನೆಯಲ್ಲಿ ಹೇಳಿದ್ದ. ನಾನು ಅಮ್ಮನಿಗೆ ಹೇಳಲಿಲ್ಲ. ಈಗ ಈ ವಿಡಿಯೋದಲ್ಲಿ ಗೊತ್ತಾಗುತ್ತದೆ, ನೋಡೋಣ.

ಸೆಲ್ ಹಾಕುವ ಕ್ವಾರ್ಟ್ಜ್ ವಾಚ್ ಅಗ್ಗವಾಯಿತು, ಆಮೇಲೆ ಮೊಬೈಲ್ ಬಂತು. ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನ ಬಂದದ್ದು 2016ರ ಜನವರಿಯಲ್ಲಿ. ತುಮಕೂರಿನ ಕಾರ್ಖಾನೆ ಜಾಗ ಈಗ ಇಸ್ರೋದ್ದು. ಕಾರ್ಖಾನೆಯ ಬಸ್ಸು ಬರುವ ಹೊತ್ತಿಗೆ ಒಲೆ ಹಚ್ಚುತ್ತಿದ್ದ ಮನೆಗಳು ಊರಲ್ಲಿ ಎಷ್ಟೋ ಇದ್ದವು.

ಈಗ ಬಿ.ಎಚ್. ರಸ್ತೆಗೆ ಬಂದೆವು. ಇಲ್ಲಿ ಎಸ್‌ಟಿಡಿ ಬೂತ್ ಮಾತು ಬರಲೇಬೇಕು, ಯಾಕೆಂದರೆ ಆ ಕಡೆ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜು ಇದೆ. 1963ರಿಂದ ಇರುವ ಕಾಲೇಜು, ದೇಶದ ಎಲ್ಲ ಕಡೆಯಿಂದ ಹುಡುಗರು. ತೊಂಬತ್ತರ ದಶಕದಲ್ಲಿ ಹಗಲು ಎಸ್‌ಟಿಡಿ ಮಾಡಿದರೆ ಜೇಬು ಖಾಲಿ. ರಾತ್ರಿ ಹನ್ನೊಂದರ ಮೇಲೆ ದರ ಕಾಲು ಭಾಗ. ಹಾಗಾಗಿ ಊರೆಲ್ಲ ಮಲಗಿದ ಮೇಲೆ ಹಳದಿ ಬೋರ್ಡಿನ ಕೆಳಗೆ ಲುಂಗಿ, ಬರ್ಮುಡಾ ಹಾಕಿಕೊಂಡು ಹುಡುಗರ ಸಾಲು. ಹಿಂದಿ, ಬಂಗಾಳಿ, ಮಲಯಾಳ ಎಲ್ಲ ಕೇಳಿಸುತ್ತಿತ್ತು.

ಒಳಗೆ ಗಾಜಿನ ಡಬ್ಬ. ಸೆಖೆ. ಗೋಡೆ ಮೇಲೆ ಕೆಂಪು ಅಂಕಿಗಳು ಟಿಕ್ ಟಿಕ್ ಅಂತ ಏರುತ್ತಿದ್ದವು. ಮಾತಾಡುವವರ ಕಣ್ಣು ಅದರ ಮೇಲೇ. ‘ಹಾಂ ಅಮ್ಮ, ಊಟ ಆಯ್ತು, ದುಡ್ಡು ಕಳಿಸಿ, ಇಡ್ತೀನಿ, ಮೀಟರ್ ಓಡ್ತಿದೆ.’ ಗಾಜು ಇದ್ದದ್ದು ಹೆಸರಿಗೆ, ಹೊರಗೆ ಕೂತವರಿಗೆ ಎಲ್ಲ ಕೇಳಿಸುತ್ತಿತ್ತು. ಯಾರ ಸಬ್ಜೆಕ್ಟ್ ಉಳಿದಿದೆ, ಯಾರಿಗೆ ಕೆಲಸ ಸಿಕ್ಕಿದೆ, ಯಾವ ಮನೆಯಲ್ಲಿ ಆಸ್ತಿ ಜಗಳ, ಬೂತಿನವರಿಗೆ ಪೂರ್ತಿ ಗೊತ್ತು. ನಮಗೆ ಫೋನ್ ಇರಲಿಲ್ಲ. ಬೂತಿನ ನಂಬರ್ ಪಕ್ಕ ‘ಪಿಪಿ’ ಅಂತ ಬರೆದು ನೆಂಟರಿಗೆಲ್ಲ ಕೊಟ್ಟಿದ್ದೆವು. ಫೋನ್ ಬೇರೆಯವರದು, ನಮ್ಮನ್ನು ಕರೆಸಬೇಕು ಅಂತ ಅದರ ಅರ್ಥ. ‘ನಿಮ್ಮ ದೊಡ್ಡಪ್ಪ ಮಾಡಿದ್ರು, ಇನ್ನು ಹತ್ತು ನಿಮಿಷಕ್ಕೆ ಮತ್ತೆ ಮಾಡ್ತಾರಂತೆ’ ಅಂತ ಹುಡುಗನನ್ನು ಕಳಿಸುತ್ತಿದ್ದರು. ಅಪ್ಪ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿದ್ದೂ ಉಂಟು.

ಎಲ್ಲ ಚೆಂದವಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಬೀದಿಯ ಒಬ್ಬಳು ಅಕ್ಕ ವಾರಕ್ಕೊಂದು ಸಲ ಬಂದು ಯಾರೋ ಹುಡುಗನ ಜೊತೆ ಮಾತಾಡುತ್ತಿದ್ದಳು. ಸಂಜೆಯೊಳಗೆ ಆ ಸುದ್ದಿ ಅವಳಪ್ಪನಿಗೆ ಮುಟ್ಟಿತ್ತು. ಅವಳ ಓದು ಅಲ್ಲಿಗೇ ನಿಂತಿತು, ಬೇರೆ ಕಡೆ ಮದುವೆ ಮಾಡಿಬಿಟ್ಟರು. ‘ಆಗ ಎಲ್ಲರೂ ಎಲ್ಲರಿಗೂ ಗೊತ್ತಿದ್ರು’ ಅಂತ ನಾವು ಖುಷಿಯಿಂದ ಹೇಳುತ್ತೇವಲ್ಲ, ಅದರ ಇನ್ನೊಂದು ಮಗ್ಗುಲು ಇದು. ಅವಳಿಗೆ ಒಂದು ಮೊಬೈಲ್ ಇದ್ದಿದ್ದರೆ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. 2003ರಲ್ಲಿ ಇನ್‌ಕಮಿಂಗ್ ಫ್ರೀ ಆದ ಮೇಲೆ ಮೊಬೈಲ್ ಎಲ್ಲರ ಕೈಗೂ ಬಂತು, ಬೂತ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು.

ಈಗ ಫೋನಿಗೇ ನಮ್ಮ ಗುಟ್ಟೆಲ್ಲ ಗೊತ್ತು ಅಂತ ಯಾರಾದರೂ ಕಾಮೆಂಟ್ ಹಾಕುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗೊತ್ತು. ಆದರೆ ಫೋನ್ ಜೊತೆ ಚೌಕಾಸಿ ಮಾಡಕ್ಕಾಗಲ್ಲ.

ಕ್ಯಾಸೆಟ್ ಅಂಗಡಿ ಬಗ್ಗೆ ಎರಡೇ ಮಾತು. ಖಾಲಿ ಕ್ಯಾಸೆಟ್ ಜೊತೆ ಹಾಡಿನ ಪಟ್ಟಿ ಕೊಟ್ಟರೆ ರೆಕಾರ್ಡ್ ಮಾಡಿಕೊಡುತ್ತಿದ್ದರು. ಕಾನೂನಿನ ಪ್ರಕಾರ ತಪ್ಪು, ಆಗ ಯಾರು ಕೇಳುತ್ತಿದ್ದರು? ಅರುವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಸೈಡಿಗೆ ಆರು ಹಾಡು, ಏಳನೆಯದು ಅರ್ಧಕ್ಕೆ ಕಟ್. ಪಟ್ಟಿ ನೋಡಿಯೇ ಅಂಗಡಿಯವನು ‘ಏನ್ ಗುರು, ಕೈ ಕೊಟ್ಲಾ?’ ಅನ್ನುತ್ತಿದ್ದ.

ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ನಾನೂ ಹೋಗಿದ್ದೆ. ಎಸ್‌ಎಸ್‌ಎಲ್‌ಸಿ ಮುಗಿದ ಬೇಸಿಗೆ ರಜೆಯಲ್ಲಿ ಯಾರ ಮಕ್ಕಳು ಹೋಗಿಲ್ಲ ಹೇಳಿ? ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಇಪ್ಪತ್ತು ಮಿಷಿನ್ ಒಟ್ಟಿಗೆ ಕುಟ್ಟುವ ಸದ್ದು ಬೀದಿಗೆಲ್ಲ ಕೇಳಿಸುತ್ತಿತ್ತು. ಜೂನಿಯರ್, ಸೀನಿಯರ್ ಪಾಸಾಗಿ, ಜೊತೆಗೆ ಶಾರ್ಟ್‌ಹ್ಯಾಂಡ್ ಇದ್ದರೆ ಸರ್ಕಾರಿ ಕೆಲಸ ಗ್ಯಾರಂಟಿ ಅನ್ನುವ ನಂಬಿಕೆ. ಮೇಷ್ಟ್ರಿಗೆ ಎಲ್ಲರ ಮನೆ ಪರಿಸ್ಥಿತಿ ಗೊತ್ತು. ಫೀಸ್ ಎರಡು ತಿಂಗಳು ಬಾಕಿಯಿದ್ದರೂ ಕೆಲವರನ್ನು ಕೇಳುತ್ತಿರಲಿಲ್ಲ, ಕೆಲವರನ್ನು ಎಲ್ಲರ ಮುಂದೆ ಕೇಳುತ್ತಿದ್ದರು. ಯಾವ ಲೆಕ್ಕ ಅಂತ ನಮಗೆ ತಿಳಿಯಲಿಲ್ಲ. ಗೋದ್ರೆಜ್‌ನವರು 2011ರ ಹೊತ್ತಿಗೆ ಟೈಪ್‌ರೈಟರ್ ತಯಾರಿಸುವುದನ್ನೇ ನಿಲ್ಲಿಸಿದ್ದರು. ನನಗೆ ಉಳಿದದ್ದು ಜೋರಾಗಿ ಕುಟ್ಟುವ ಅಭ್ಯಾಸ. ಆಫೀಸಿನಲ್ಲಿ ಪಕ್ಕದವರು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ.

ಕೊನೆಗೆ ಈ ಅಂಗಡಿ ತೋರಿಸಬೇಕು. ನಾನು ಹೇಳಿದ ಬೂತ್ ಇದೇ. ಅದೇ ಮಾಲೀಕರು. ಎಸ್‌ಟಿಡಿ ಹೋದ ಮೇಲೆ ಜೆರಾಕ್ಸ್ ಮಿಷಿನ್ ತಂದರು, ಆಮೇಲೆ ಕರೆನ್ಸಿ ಹಾಕುವುದು, ಆಮೇಲೆ ಎರಡು ಕಂಪ್ಯೂಟರ್. ಈಗ ಪಹಣಿ ಪ್ರಿಂಟ್, ಪರೀಕ್ಷೆ ಅರ್ಜಿ, ಪ್ಯಾನ್ ಕಾರ್ಡ್. ಬೋರ್ಡ್ ಮಾತ್ರ ಬದಲಾಗುತ್ತಾ ಬಂದಿದೆ. ಈಗಲೂ ಇವರ ಮುಂದೆ ಸಾಲು ಇದೆ, ಈಗಲೂ ಊರಿನ ವಿಷಯವೆಲ್ಲ ಇವರಿಗೇ ಮೊದಲು. ನಾನು ಕ್ಯಾಮೆರಾ ಹಿಡಿದು ನಿಂತಿರುವಾಗಲೇ ಒಬ್ಬರು ಅಜ್ಜಿ ಬಂದು, ಫೋನನ್ನೇ ಅವರ ಕೈಗಿಟ್ಟು, ‘ಗೃಹಲಕ್ಷ್ಮಿ ದುಡ್ಡು ಬಂತಾ ನೋಡಪ್ಪ’ ಅಂದರು. ಒಟಿಪಿಯನ್ನೂ ಅವರೇ ಓದಿಕೊಂಡರು.

ವಿಡಿಯೋಗೆ ಎರಡು ಮಾತಾಡಿ ಅಂಕಲ್ ಅಂತ ಕೇಳಿದೆ. ಆಗಲ್ಲ, ಜನ ಕಾಯ್ತಿದಾರೆ ಅಂದರು. ನಾನು ಹೊರಡುವಾಗ ತಲೆ ಎತ್ತದೆಯೇ ಕೇಳಿದರು: ‘ನಿಮ್ಮಪ್ಪಂದು ಪೆನ್ಷನ್ ಲೈಫ್ ಸರ್ಟಿಫಿಕೇಟ್ ಆಯ್ತೇನಪ್ಪ? ನವೆಂಬರ್ ಮುಗೀತಾ ಬಂತು. ಸಾಯಂಕಾಲ ಕರ್ಕೊಂಡ್ ಬಾ, ಬೆರಳಚ್ಚು ತಗೊಂಡು ಮಾಡಿಬಿಡೋಣ. ಆಧಾರ್ ತಗೊಂಡ್ ಬಾ, ಹೋದ ಸಲ ಮರೆತಿದ್ರು.’