ಬರೆಯುವವನನ್ನು ತೆರೆಗೆ ತರುವ ಕಷ್ಟ: 1998ರ ‘ಹೊಸೆ ರಿಸಾಲ್’

ಸ್ನೇಹಿತರೇ,

ರಾಷ್ಟ್ರವೀರನ ಸಿನಿಮಾ ಎಂದ ಕೂಡಲೇ ನಮಗೆ ಕುದುರೆ, ಕತ್ತಿ, ಕೋಟೆಬಾಗಿಲು ನೆನಪಾಗುತ್ತವೆ. ಫಿಲಿಪೀನ್ಸ್‌ನ ಹೊಸೆ ರಿಸಾಲ್ ಯಾವ ಯುದ್ಧವನ್ನೂ ಮಾಡಿದವನಲ್ಲ. ಕಣ್ಣಿನ ವೈದ್ಯ, ಎರಡು ಕಾದಂಬರಿ ಬರೆದವನು, 35ನೇ ವಯಸ್ಸಿನಲ್ಲಿ ಸ್ಪೇನಿನ ಸರಕಾರದ ಗುಂಡಿಗೆ ಸತ್ತವನು. ಮೇಜಿನ ಮುಂದೆ ಕೂತು ಬರೆಯುವ ಮನುಷ್ಯನನ್ನು ಕ್ಯಾಮೆರಾ ಎಷ್ಟು ಹೊತ್ತು ನೋಡೀತು? ಸಾಹಿತಿಗಳ ಜೀವನಚಿತ್ರಗಳು ಸಾಮಾನ್ಯವಾಗಿ ಮುಗ್ಗರಿಸುವುದು ಇಲ್ಲೇ. ಬರವಣಿಗೆಯನ್ನು ಬದಿಗಿಟ್ಟು ಪ್ರೇಮಪ್ರಸಂಗಗಳ ಹಿಂದೆ ಹೋಗಿಬಿಡುತ್ತವೆ. ರಿಸಾಲ್ ವಿಷಯದಲ್ಲಿ ಅದಕ್ಕೆ ಸರಕು ಬೇಕಾದಷ್ಟಿತ್ತು.

ಮಾರಿಲೂ ದಿಯಾಸ್-ಅಬಾಯಾ ಅವರ ‘ಹೊಸೆ ರಿಸಾಲ್’ ತೆರೆಗೆ ಬಂದದ್ದು 1998ರ ಡಿಸೆಂಬರಿನಲ್ಲಿ, ಮೆಟ್ರೊ ಮನಿಲಾ ಚಿತ್ರೋತ್ಸವದಲ್ಲಿ. ಸ್ಪೇನಿನಿಂದ ಸ್ವಾತಂತ್ರ್ಯ ಘೋಷಿಸಿ ನೂರು ವರ್ಷ ತುಂಬಿದ ವರ್ಷವದು. ನಿರ್ಮಾಣ ಜಿಎಂಎ ಫಿಲ್ಮ್ಸ್, ಖರ್ಚು 8 ಕೋಟಿ ಪೆಸೊ ಆಸುಪಾಸು, ಅವಧಿ ಸುಮಾರು ಮೂರು ಗಂಟೆ. ಉತ್ಸವದಲ್ಲಿ 17 ಪ್ರಶಸ್ತಿ ಬಂದವು. ಪ್ರಶಸ್ತಿಯ ಮಾತು ಸಾಕು, ಚಿತ್ರಕಥೆಯನ್ನು ನೋಡೋಣ. ಬರೆದವರು ರಿಕಿ ಲೀ, ಜುನ್ ಲಾನಾ ಮತ್ತು ಪೀಟರ್ ಓಂಗ್ ಲಿಮ್.

ಅವರು ಹುಟ್ಟಿನಿಂದ ಸಾವಿನವರೆಗೆ ನೇರವಾಗಿ ನಡೆಯುವುದಿಲ್ಲ. ರಿಸಾಲ್‌ನನ್ನು (ಸೀಸರ್ ಮೊಂತಾನೊ) ಮನಿಲಾದ ಸಾಂತಿಯಾಗೊ ಕೋಟೆಯ ಸೆರೆಮನೆಯಲ್ಲಿ ಕೂರಿಸಿ, ಎದುರಿಗೆ ಆತನ ವಕೀಲ ಲೂಯಿಸ್ ತವಿಯೆಲ್ ದೆ ಅಂದ್ರಾದೆಯನ್ನು (ಹೈಮೆ ಫಾಬ್ರೆಗಾಸ್) ಕೂರಿಸುತ್ತಾರೆ. ಈ ಆಯ್ಕೆ ಬಹಳ ಜಾಣತನದ್ದು. ಸೈನಿಕ ನ್ಯಾಯಾಲಯ ರಿಸಾಲ್‌ಗೆ ಸಿವಿಲ್ ವಕೀಲರನ್ನು ಕೊಡಲಿಲ್ಲ, ಸೇನಾಧಿಕಾರಿಗಳ ಒಂದು ಪಟ್ಟಿ ಕೊಟ್ಟಿತು. ಅದರಲ್ಲಿ ಪರಿಚಿತ ಮನೆತನದ ಹೆಸರೊಂದನ್ನು ಕಂಡು ಆತ ಆರಿಸಿಕೊಂಡ: ಈ ಲೂಯಿಸ್‌ನ ಅಣ್ಣತಮ್ಮಂದಿರಲ್ಲೊಬ್ಬ 1887ರಲ್ಲಿ ರಿಸಾಲ್‌ಗೆ ಅಂಗರಕ್ಷಕನಾಗಿದ್ದವನು. ಅಂದರೆ ವಕೀಲ ಸ್ಪೇನಿನವನು, ಸೈನಿಕ, ಕಕ್ಷಿದಾರನ ಬಗ್ಗೆ ಹೆಚ್ಚೇನೂ ತಿಳಿಯದವನು. ಆತ ಕೇಳಲೇಬೇಕಾದ ಪ್ರಶ್ನೆಗಳು ಪ್ರೇಕ್ಷಕರ ಪ್ರಶ್ನೆಗಳೂ ಹೌದು. ಕಲಾಂಬಾದ ಬಾಲ್ಯವಾಗಲಿ, ಯುರೋಪಿನ ಓದಾಗಲಿ ಮಾಹಿತಿಯ ಮೂಟೆಯಾಗದೆ ಉತ್ತರವಾಗಿ ಬರುತ್ತವೆ.

ಎರಡನೇ ಉಪಾಯ ಇನ್ನೂ ದೊಡ್ಡದು. ಕಾದಂಬರಿಗಳ ದೃಶ್ಯಗಳನ್ನೇ ಜೀವನದ ನಡುವೆ ಹೆಣೆಯುತ್ತಾರೆ. ‘ನೋಲಿ ಮೆ ತಾಂಹೆರೆ’ 1887ರಲ್ಲಿ ಬರ್ಲಿನ್‌ನಲ್ಲಿ 2000 ಪ್ರತಿ ಅಚ್ಚಾಯಿತು. ಮುದ್ರಣಕ್ಕೆ 300 ಪೆಸೊ ಕೊಟ್ಟವನು ಗೆಳೆಯ ಮಾಕ್ಸಿಮೊ ವಿಯೊಲಾ. ಮುಂದಿನ ಕಾದಂಬರಿ ‘ಎಲ್ ಫಿಲಿಬುಸ್ತೆರಿಸ್ಮೊ’ 1891ರಲ್ಲಿ ಬೆಲ್ಜಿಯಂನ ಗೆಂಟ್‌ನಲ್ಲಿ ಬಂತು. ಮೊದಲನೆಯದರಲ್ಲಿ ಸುಧಾರಣೆಯ ಕನಸು ಕಾಣುವ ಇಬಾರಾ, ಎರಡನೆಯದರಲ್ಲಿ ಸಿಮೌನ್ ಎಂಬ ಒಡವೆ ವ್ಯಾಪಾರಿಯ ವೇಷದಲ್ಲಿ ಸೇಡಿಗೆ ಮರಳುತ್ತಾನೆ. ಮದುವೆಯ ಔತಣದಲ್ಲಿ ಸ್ಫೋಟಕ ತುಂಬಿದ ದೀಪವಿಟ್ಟು ಇಡೀ ಆಳುವ ವರ್ಗವನ್ನು ಉಡಾಯಿಸುವುದು ಅವನ ಯೋಜನೆ. ಇಸಾಗಾನಿ ಎಂಬ ಯುವಕ ದೀಪವನ್ನು ಎತ್ತಿ ನದಿಗೆ ಎಸೆಯುತ್ತಾನೆ, ದಂಗೆ ಸೋಲುತ್ತದೆ, ಸಿಮೌನ್ ವಿಷ ಕುಡಿಯುತ್ತಾನೆ.

ಸಿನಿಮಾದಲ್ಲಿ ಈ ಇಬಾರಾ-ಸಿಮೌನ್ ಪಾತ್ರ ಜೋಯೆಲ್ ತೋರೆ ಅವರದು. ಸಾವು ಹತ್ತಿರವಾದಾಗ ಸಿಮೌನ್ ಸೆರೆಮನೆಗೇ ಬಂದು, ತನ್ನನ್ನು ಸೃಷ್ಟಿಸಿದವನ ಎದುರು ನಿಂತು, ಕಾದಂಬರಿಯ ಕೊನೆಯನ್ನು ತಿದ್ದು ಎಂದು ಒತ್ತಾಯಿಸುತ್ತಾನೆ. ಇದನ್ನು ಬರೀ ಭ್ರಮೆಯ ದೃಶ್ಯವೆಂದು ನೋಡಿದರೆ ಅರ್ಧ ಸಿನಿಮಾ ಕೈತಪ್ಪುತ್ತದೆ. ಏಕೆಂದರೆ ರಿಸಾಲ್‌ನ ಬದುಕಿನ ಅತಿ ಮುಜುಗರದ ಸಂಗತಿ ಇಲ್ಲಿದೆ. 1896ರ ಮಧ್ಯದಲ್ಲಿ ಬೊನಿಫಾಸಿಯೊ ಕಟ್ಟಿದ ಕಟಿಪುನಾನ್ ಎಂಬ ಗುಪ್ತ ಕ್ರಾಂತಿಕಾರಿ ಸಂಘಟನೆ, ರಿಸಾಲ್ ಗಡೀಪಾರಾಗಿದ್ದ ದಾಪಿತಾನ್‌ಗೆ ಪಿಯೊ ವಲೆನ್ಸುವೆಲಾನನ್ನು ಕಳಿಸಿ ಕೇಳಿದಾಗ, ರಿಸಾಲ್ ದಂಗೆಗೆ ಒಪ್ಪಲಿಲ್ಲ. ಡಿಸೆಂಬರ್ 15ರಂದು ಸೆರೆಮನೆಯಿಂದ ದಂಗೆಯನ್ನು ಖಂಡಿಸುವ ಪ್ರಕಟಣೆಯನ್ನೂ ಬರೆದ. ಅದರಲ್ಲಿ ಸ್ವಾತಂತ್ರ್ಯದ ಆಸೆಯನ್ನು ಬಿಟ್ಟುಕೊಡಲಿಲ್ಲವೆಂದು ಅಧಿಕಾರಿಗಳೇ ಹೊರಡಿಸಲಿಲ್ಲ. ಅತ್ತ ದಂಗೆಕೋರರು ಆತನನ್ನು ಕೇಳದೆಯೇ ಆತನ ಹೆಸರನ್ನು ಧ್ವಜದಂತೆ ಹಿಡಿದಿದ್ದರು. ಕ್ರಾಂತಿಯನ್ನು ನಿರಾಕರಿಸಿದವನು ಕ್ರಾಂತಿಯ ವೀರನಾದದ್ದು ಹೇಗೆ ಎಂದು ಭಾಷಣದಲ್ಲಿ ವಿವರಿಸಲು ಹೊರಟರೆ ಸಿನಿಮಾ ಸಾಯುತ್ತದೆ. ಸಿಮೌನ್‌ನನ್ನು ಸೆರೆಮನೆಗೆ ತಂದು ನಿಲ್ಲಿಸಿದರೆ ಅದು ಜಗಳವಾಗುತ್ತದೆ.

ವಿಚಾರಣೆ ನಡೆದದ್ದು ಡಿಸೆಂಬರ್ 26ರಂದು. ಆರೋಪ ಮೂರು: ದಂಗೆ, ರಾಜದ್ರೋಹ, ಅಕ್ರಮ ಸಂಘಟನೆ. ಸಾಕ್ಷಿಗಳನ್ನು ಪಾಟಿಸವಾಲು ಮಾಡುವ ಅವಕಾಶ ಸಿಗಲಿಲ್ಲ. ಹೀಗಾಗಿ ನ್ಯಾಯಾಲಯದ ದೃಶ್ಯದಲ್ಲಿ ನಾವು ರೂಢಿಯಿಂದ ಕಾಯುವ ತಿರುವು ಸಾಧ್ಯವೇ ಇಲ್ಲ. ಇರುವುದು ಎರಡು ಭಾಷಣ ಮಾತ್ರ. 28ರಂದು ಗವರ್ನರ್ ಜನರಲ್ ಪೊಲಾವಿಯೆಹಾ ಮರಣದಂಡನೆಗೆ ಸಹಿ ಹಾಕಿದ.

ಡಿಸೆಂಬರ್ 30ರ ಬೆಳಿಗ್ಗೆ ಏಳರ ಹೊತ್ತಿಗೆ ಬಾಗುಂಬಾಯನ್ ಮೈದಾನದಲ್ಲಿ ನಡೆದದ್ದರ ಜೋಡಣೆ ಗೊತ್ತಿದ್ದರೆ ಕೊನೆಯ ಭಾಗದ ತೂಕ ತಿಳಿಯುತ್ತದೆ. ಗುಂಡು ಹೊಡೆಯಲು ನಿಂತವರು ಎಂಟು ಮಂದಿ ಫಿಲಿಪಿನೊ ಸೈನಿಕರೇ. ಅವರ ಹಿಂದೆ ಸ್ಪೇನಿನ ಸೈನಿಕರ ಇನ್ನೊಂದು ಸಾಲು, ಮುಂದಿನವರು ಹಿಂಜರಿದರೆ ಅವರನ್ನೇ ಹೊಡೆಯಲು. ಎದುರು ನಿಂತು ಸಾಯುತ್ತೇನೆ ಎಂದು ರಿಸಾಲ್ ಕೇಳಿದ. ದ್ರೋಹಿಯ ಶಿಕ್ಷೆ ಬೆನ್ನಿಗೆ ಗುಂಡು ಎಂದು ಅಧಿಕಾರಿಗಳು ಒಪ್ಪಲಿಲ್ಲ. ಸೇನಾ ವೈದ್ಯ ನಾಡಿ ಹಿಡಿದು ನೋಡಿದಾಗ ಅದು ಸಹಜವಾಗಿತ್ತು. ಗುಂಡು ತಾಗಿದ ಕ್ಷಣ ದೇಹವನ್ನು ತಿರುಗಿಸಿ, ಮುಖ ಆಕಾಶಕ್ಕಾಗುವಂತೆ ಬಿದ್ದ. ಮೂರು ಗಂಟೆ ಕೂತು ಮಾತಾಡಿದವನಿಗೆ ಚಿತ್ರಕಥೆ ಉಳಿಸಿಟ್ಟಿರುವ ಏಕೈಕ ದೈಹಿಕ ಸಾಹಸ ಆ ಅರ್ಧ ತಿರುವು.

ಇನ್ನೊಂದು ವಸ್ತುವಿನ ಮೇಲೆ ಕಣ್ಣಿಡಿ. ಕೊನೆಯ ಕವಿತೆಯನ್ನು, ಐದು ಸಾಲುಗಳ 14 ಪದ್ಯಗಳನ್ನು, ಆತ ಒಂದು ಸಣ್ಣ ಸ್ಪಿರಿಟ್ ಒಲೆಯೊಳಗೆ ಬಚ್ಚಿಟ್ಟು ಹೊರಗೆ ಕಳಿಸಿದ. ಒಳಗೆ ಏನೋ ಇದೆ ಎಂದು ತಂಗಿ ತ್ರಿನಿದಾದ್‌ಗೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ, ಕಾವಲುಗಾರರಿಗೆ ಅರ್ಥವಾಗದಿರಲೆಂದು. ಕಾದಂಬರಿಯ ಸಿಮೌನ್ ದೀಪದೊಳಗೆ ಸ್ಫೋಟಕ ಇಟ್ಟ. ಅವನನ್ನು ಬರೆದವನು ಒಲೆಯೊಳಗೆ ಕಾಗದ ಇಟ್ಟ. ಸಿಮೌನ್ ಜೊತೆಗಿನ ಜಗಳಕ್ಕೆ ರಿಸಾಲ್ ಕೊಟ್ಟ ಉತ್ತರ ಅದೇ ಎಂದು ನನ್ನ ಓದು.

ಈ ಚಿತ್ರದ ಕೊರತೆ ಅದರ ಭಕ್ತಿ. ಸಂಗೀತ ಕೆಲವೆಡೆ ಗೌರವ ಬೇಡುತ್ತದೆ, ಮೊಂತಾನೊ ಅವರ ರಿಸಾಲ್‌ಗೆ ಸಿಡುಕು, ಒಣಜಂಬ ಕಡಿಮೆ. ಪತ್ರಗಳಲ್ಲಿ ಕಾಣುವ ಮನುಷ್ಯ ಇಷ್ಟು ನಯವಾಗಿರಲಿಲ್ಲ. ಅದಕ್ಕೆ ಮದ್ದಾಗಿ ಮೈಕ್ ದೆ ಲಿಯೊನ್ ಅವರ ‘ಬಯಾನಿಂಗ್ ಥರ್ಡ್ ವರ್ಲ್ಡ್’ ನೋಡಿ. ಕಪ್ಪು-ಬಿಳುಪು ಚಿತ್ರ. ಇಬ್ಬರು ಸಿನಿಮಾದವರು ರಿಸಾಲ್ ಬಗ್ಗೆ ಚಿತ್ರ ಮಾಡಲು ಹೊರಟು, ಸಾಯುವ ಮುನ್ನ ಆತ ಚರ್ಚ್‌ಗೆ ಮಣಿದು ತನ್ನ ಬರಹವನ್ನು ಹಿಂತೆಗೆದುಕೊಂಡನೇ ಎಂಬ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತಾರೆ. ತಾಯಿ, ಅಣ್ಣ, ಅಕ್ಕತಂಗಿಯರು, ಕೊನೆಗೆ ರಿಸಾಲ್‌ನನ್ನೇ ಪ್ರಶ್ನಿಸುತ್ತಾರೆ. ಅಲ್ಲಿ ರಿಸಾಲ್ ಆಗಿರುವವರು ಜೋಯೆಲ್ ತೋರೆ, ಇಲ್ಲಿ ಸಿಮೌನ್ ಆಗಿದ್ದ ಅದೇ ನಟ. ಆ ಇಬ್ಬರು ಕೊನೆಗೂ ಸಿನಿಮಾ ಮಾಡುವುದಿಲ್ಲ.