12.7 ಮಿಲಿಮೀಟರ್ ಚಕ್ರ: ಆರು ಗಾಲಿಗಳ ಟಿರೆಲ್ ಕಾರನ್ನು ತುಮಕೂರಿನಲ್ಲಿ ಕಟ್ಟಿದ ಕಥೆ

[ದೃಶ್ಯ: ತೋರುಬೆರಳ ತುದಿಯ ಮೇಲೆ ಒಂದು ಪುಟ್ಟ ಚಕ್ರ. ಹಿನ್ನೆಲೆ ಮಸುಕು.]

ಇದರ ವ್ಯಾಸ 12.7 ಮಿಲಿಮೀಟರ್. ಅಂಗಿಯ ಗುಂಡಿಗಿಂತ ಸ್ವಲ್ಪವೇ ದೊಡ್ಡದು. ಇಂಥ ನಾಲ್ಕನ್ನು ಮಾಡಲು ನನಗೆ ಹನ್ನೊಂದು ಸಂಜೆ ಹಿಡಿಯಿತು. ನಾಲ್ಕೂ ಕಾರಿನ ಮುಂಭಾಗಕ್ಕೇ. ಹಿಂದೆ ಎರಡು ದೊಡ್ಡ ಚಕ್ರಗಳು ಬೇರೆ. ಒಟ್ಟು ಆರು.

ನಮಸ್ಕಾರ. 1970ರ ದಶಕದ ಟಿರೆಲ್ ಪಿ34 ಎಂಬ ಫಾರ್ಮುಲಾ ಒನ್ ರೇಸ್ ಕಾರಿನ ಚಿತ್ರವನ್ನು ನಾನು ಮೊದಲು ನೋಡಿದ್ದು ಹೈಸ್ಕೂಲಿನಲ್ಲಿದ್ದಾಗ, ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ಪತ್ರಿಕೆಯಲ್ಲಿ. ಅಚ್ಚಿನ ತಪ್ಪು, ಒಂದು ಚಿತ್ರದ ಮೇಲೆ ಇನ್ನೊಂದು ಬಿದ್ದಿದೆ ಎಂದುಕೊಂಡೆ. ಪುಟವನ್ನು ಬೆಳಕಿಗೆ ಹಿಡಿದು ಎಣಿಸಿದೆ. ಆರೇ ಇದ್ದವು. ಅಂದಿನಿಂದ ಈ ಕಾರು ನನ್ನ ತಲೆಯಿಂದ ಇಳಿದಿಲ್ಲ. ಪ್ರಪಂಚದಲ್ಲಿ ಇವು ಬೆರಳೆಣಿಕೆಯಷ್ಟು ಮಾತ್ರ ತಯಾರಾದವು. ನೋಡುವ ಅವಕಾಶ ನನಗೆ ಸಿಕ್ಕಿಲ್ಲ. ಆದ್ದರಿಂದ ಕಟ್ಟಿದೆ, 1:20ರ ಅಳತೆಯಲ್ಲಿ. ಅಂದರೆ ನಿಜವಾದ ಕಾರಿನ ಇಪ್ಪತ್ತು ಮಿಲಿಮೀಟರ್ ನನ್ನ ಮೇಜಿನ ಮೇಲೆ ಒಂದು ಮಿಲಿಮೀಟರ್.

ಆರು ಚಕ್ರ ಏಕೆ? ಚಕ್ರ ಹೆಚ್ಚಾದರೆ ಹಿಡಿತ ಹೆಚ್ಚು ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ, ಮಾದರಿಯ ಮೂತಿಯನ್ನು ಕತ್ತರಿಸುವವರೆಗೆ.

[ದೃಶ್ಯ: ಬಿಳಿ ಸನ್‌ಬೋರ್ಡ್‌ನಿಂದ ಕತ್ತರಿಸಿದ ಮೂತಿ, ಪಕ್ಕದಲ್ಲಿ ಸ್ಕೇಲ್.]

ಇದರ ಅಗಲ 75 ಮಿಲಿಮೀಟರ್. ಆಗಿನ ಫಾರ್ಮುಲಾ ಒನ್ ನಿಯಮದ ಪ್ರಕಾರ ಕಾರಿನ ಮುಂದಿನ ರೆಕ್ಕೆಯ (ಇಲ್ಲಿ ಈ ಮೂತಿಯೇ ರೆಕ್ಕೆ) ಅಗಲ ಒಂದೂವರೆ ಮೀಟರ್ ಮೀರುವಂತಿರಲಿಲ್ಲ. ಇಪ್ಪತ್ತರಿಂದ ಭಾಗಿಸಿದರೆ ಈ 75. ಈಗ ಇದರ ಹಿಂದೆ ಮಾಮೂಲಿ ರೇಸ್ ಕಾರಿನ ಮುಂಚಕ್ರವನ್ನು ಇಡುತ್ತೇನೆ. ನೋಡಿ, ಟೈರ್ ಮೂತಿಯ ಮೇಲಕ್ಕೂ ಬದಿಗೂ ಚಾಚಿಕೊಂಡಿದೆ. ಕಾರು ಓಡುವಾಗ ಗಾಳಿ ನೇರವಾಗಿ ಇದಕ್ಕೇ ಬಡಿಯುತ್ತದೆ. ತಿರುಗುವ ಟೈರ್ ಗಾಳಿಯನ್ನು ತಡೆಯುವುದಷ್ಟೇ ಅಲ್ಲ, ಕಾರಿನ ಮೂತಿಯನ್ನು ಮೇಲಕ್ಕೂ ಎತ್ತುತ್ತದೆ. ಅದನ್ನು ತೆಗೆದು ಈ 12.7 ಮಿಲಿಮೀಟರ್ ಚಕ್ರವನ್ನು ಇಡೋಣ. ನಿಜವಾದ ಕಾರಿನಲ್ಲಿ ಇದು 10 ಇಂಚಿನ ರಿಮ್. ಮೂತಿಯ ಹಿಂದೆ ಅಡಗಿಯೇ ಹೋಯಿತು.

ಆದರೆ ಇಷ್ಟು ಚಿಕ್ಕ ಟೈರ್ ನೆಲವನ್ನು ಎಷ್ಟು ತಾನೇ ಹಿಡಿದೀತು? ಒಂದು ಜೋಡಿ ಸಾಲದು. ಅದಕ್ಕೇ ಎರಡು ಜೋಡಿ. ಮೊದಲು ಬಂದ ಯೋಚನೆ ಚಿಕ್ಕ ಚಕ್ರದ್ದು. ಅದರ ಬೆಲೆಯಾಗಿ ಆಮೇಲೆ ಬಂದದ್ದು ಆರು ಚಕ್ರ. ಈ ಕಾರನ್ನು ಅರ್ಥ ಮಾಡಿಕೊಳ್ಳಲು ಇದೇ ಬೀಗದ ಕೈ.

ಇದನ್ನು ಯೋಚಿಸಿದವರು ಟಿರೆಲ್ ತಂಡದ ವಿನ್ಯಾಸಕ ಡೆರೆಕ್ ಗಾರ್ಡ್ನರ್. ಅವರ ತಲೆನೋವನ್ನೂ ಹೇಳಬೇಕು. ಅಂದು ಬಹುತೇಕ ಬ್ರಿಟಿಷ್ ತಂಡಗಳ ಬೆನ್ನಿಗಿದ್ದದ್ದು ಒಂದೇ ಎಂಜಿನ್, ಮೂರು ಲೀಟರಿನ ಕಾಸ್ವರ್ತ್ ಡಿಎಫ್‌ವಿ. 1967ರಲ್ಲಿ ತನ್ನ ಮೊದಲ ರೇಸನ್ನೇ ಗೆದ್ದ ಎಂಜಿನ್ ಅದು, ಕಡೆಗೆ 155 ಗ್ರ್ಯಾನ್ ಪ್ರಿ ರೇಸ್ ಗೆದ್ದಿತು. ಒಳ್ಳೆಯದೇ, ಆದರೆ ದುಡ್ಡು ಕೊಟ್ಟ ಯಾರಿಗಾದರೂ ಸಿಗುತ್ತಿತ್ತು. ಎದುರಾಳಿಯ ಬಳಿಯೂ ಅದೇ ಎಂಜಿನ್ ಇದ್ದರೆ ಮುಂದೆ ಹೋಗುವುದು ಹೇಗೆ? ಗಾರ್ಡ್ನರ್ ಎಂಜಿನ್ ಬಿಟ್ಟು ಗಾಳಿಯ ಕಡೆ ತಿರುಗಿದರು.

1975ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಒಂದು ಹೋಟೆಲಿನಲ್ಲಿ ಕಾರನ್ನು ಪತ್ರಕರ್ತರಿಗೆ ತೋರಿಸಿದರು. ಮೇಲೆ ಹೊದಿಕೆ ಹಾಕಿದ್ದರು. ಮುಂಚಕ್ರಗಳ ಜಾಗದಲ್ಲಿ ಹೊದಿಕೆಯ ಒಳಗೆ ತಂತಿಯ ಬಳೆಗಳನ್ನು ಇಟ್ಟು, ಅಲ್ಲಿ ಮಾಮೂಲಿ ದೊಡ್ಡ ಚಕ್ರಗಳೇ ಇವೆ ಎಂಬ ಭ್ರಮೆ ಹುಟ್ಟಿಸಿದ್ದರು. ಹಿಂದಿನಿಂದ ಹೊದಿಕೆ ಸರಿಯುತ್ತಾ ಬಂದು, ಆ ನಾಲ್ಕು ಪುಟ್ಟ ಚಕ್ರಗಳು ಕಂಡ ಗಳಿಗೆಯನ್ನು ನಾನು ಎಷ್ಟು ಸಲ ಕಲ್ಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

[ದೃಶ್ಯ: ಟೇಬಲ್ ಫ್ಯಾನ್, ಅದರ ಮುಂದೆ ಜ್ಯೂಸ್ ಸ್ಟ್ರಾಗಳ ಕಟ್ಟು, ಆಚೆ ಮಾದರಿ ಕಾರು. ಕೋಣೆ ಕತ್ತಲು, ಒಂದೇ ಟಾರ್ಚ್.]

ಇದು ನನ್ನ ಗಾಳಿಸುರಂಗ. ಫ್ಯಾನಿನ ಗಾಳಿ ಸುತ್ತುತ್ತಾ ಬರುತ್ತದೆ. ಅದನ್ನು ನೇರ ಮಾಡಲು ಈ ಸ್ಟ್ರಾಗಳ ಕಟ್ಟು. ಹೊಗೆಗೆ ಊದುಬತ್ತಿ. ದೊಡ್ಡ ಚಕ್ರ ಹಾಕಿದಾಗ ಹೊಗೆಯ ಎಳೆ ಟೈರಿಗೆ ಬಡಿದು ಒಡೆದು ಚೆದುರುವುದನ್ನು ನೋಡಿ. ಈಗ ಚಿಕ್ಕ ಚಕ್ರ. ಎಳೆ ಮೂತಿಯ ಮೇಲೆ ಹತ್ತಿ, ಚಕ್ರಗಳನ್ನು ದಾಟಿ ಹೋಗುತ್ತಿದೆ. ಇಷ್ಟು ಚಿಕ್ಕ ಮಾದರಿಯ ಸುತ್ತ ಇಷ್ಟು ನಿಧಾನದ ಗಾಳಿ, ಗಂಟೆಗೆ 250 ಕಿಲೋಮೀಟರ್ ಓಡುವ ಕಾರಿನ ಸುತ್ತ ಹರಿಯುವಂತೆ ಹರಿಯುವುದಿಲ್ಲ. ಇದರಿಂದ ಅಳತೆ ಸಿಗದು. ಯೋಚನೆ ಕಣ್ಣಿಗೆ ಕಾಣುತ್ತದೆ, ಅಷ್ಟು ಸಾಕು. ಮತ್ತೊಂದನ್ನೂ ಗಮನಿಸಿ. ಹಿಂದಿನ ಆ ಎರಡು ದೊಡ್ಡ ಟೈರ್‌ಗಳು ಎರಡೂ ಪ್ರಯೋಗದಲ್ಲಿ ಹೊಗೆಯನ್ನು ಒಂದೇ ರೀತಿ ಕದಡುತ್ತಿವೆ. ಮುಂದೆ ಉಳಿಸಿದ್ದರಲ್ಲಿ ಒಂದಿಷ್ಟನ್ನು ಹಿಂದಿನವು ನುಂಗುತ್ತಿದ್ದವು.

ಇನ್ನು ಕಟ್ಟಿದ ಬಗೆ. ಜಪಾನಿನ ಟಾಮಿಯಾ ಕಂಪನಿ ಈ ಕಾರಿನ ಕಿಟ್‌ಗಳನ್ನು 1:12 ಮತ್ತು 1:20ರಲ್ಲಿ ತಂದಿದೆ. ಅವು ಅದ್ಭುತವಾಗಿವೆ. ಆದರೆ ನನಗೆ ಪ್ರತಿ ತುಂಡನ್ನೂ ನಾನೇ ಅಳೆಯಬೇಕು ಎಂಬ ಹಟವಿತ್ತು. ಆದ್ದರಿಂದ ಸಾಮಾನೆಲ್ಲ ಊರಿನದೇ. ಒಡಲು ಫ್ಲೆಕ್ಸ್ ಅಂಗಡಿಯಲ್ಲಿ ಉಳಿದ ಸನ್‌ಬೋರ್ಡ್ ಚೂರುಗಳಿಂದ. ದುಂಡನೆಯ ಬಾಗುಗಳು ಎಂ-ಸೀಲ್‌ನಿಂದ, ಅದು ಗಟ್ಟಿಯಾದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿದ್ದು. ಪೈಪು, ತಂತಿಗಳೆಲ್ಲ ಸುಟ್ಟುಹೋದ ಮೋಟಾರಿನ ತಾಮ್ರದ ಸುರುಳಿ. ಎಂಜಿನ್ನಿನ ಮೇಲೆ ಗಾಳಿ ಎಳೆದುಕೊಳ್ಳುವ ಎಂಟು ತುತ್ತೂರಿಗಳಿವೆಯಲ್ಲ, ಅವು ಖಾಲಿ ಬಾಲ್‌ಪೆನ್ ರಿಫಿಲ್. ಕಾದ ಮೊಳೆಯ ತುದಿಯನ್ನು ರಿಫಿಲ್ ಬಾಯಿಗೆ ಮುಟ್ಟಿಸಿದರೆ ಹೂವಿನಂತೆ ಅರಳಿಕೊಳ್ಳುತ್ತದೆ. ಒಂದು ಕ್ಷಣ ಹೆಚ್ಚಾದರೆ ಕರಗಿ ಹನಿಯಾಗುತ್ತದೆ. ಎಂಟು ಅರಳಿಸಲು ಮೂವತ್ತಕ್ಕೂ ಹೆಚ್ಚು ರಿಫಿಲ್ ಹೋದವು.

[ದೃಶ್ಯ: ಹಳೆಯ ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ.]

ಈ ಎರಡು ಉಪಕರಣಗಳು ನನ್ನ ದೊಡ್ಡಪ್ಪನವರದು. ತುಮಕೂರು ಎಂದರೆ ಹೊರಗಿನವರಿಗೆ ಸಿದ್ಧಗಂಗೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಆದರೆ ಇದು ಕೈಗಡಿಯಾರದ ಊರೂ ಹೌದು. ಇಲ್ಲಿ ಎಚ್‌ಎಂಟಿಯ ವಾಚ್ ಕಾರ್ಖಾನೆಯಿತ್ತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ನಿರ್ಧಾರವನ್ನು ಕೇಂದ್ರ ಸರ್ಕಾರ 2016ರಲ್ಲಿ ತೆಗೆದುಕೊಂಡಿತು. ದೊಡ್ಡಪ್ಪ ಅದಕ್ಕೂ ಮೊದಲೇ ನಿವೃತ್ತರಾಗಿದ್ದರು. ಜೀವನವಿಡೀ ಕೂದಲೆಳೆಯಂಥ ಸ್ಪ್ರಿಂಗ್‌ಗಳನ್ನು ಜೋಡಿಸಿದ ಕೈ ಅವರದು. ನಾನು ಚಕ್ರದ ಕೊಂಡಿಗಳನ್ನು ಕೂರಿಸಲಾರದೆ ಒದ್ದಾಡುತ್ತಿದ್ದಾಗ ಪಕ್ಕದಲ್ಲಿ ಕುಳಿತು, "ಚಿಮಟವನ್ನು ಬಿಗಿಯಾಗಿ ಹಿಡಿಯಬೇಡಪ್ಪಾ, ವಸ್ತು ಬೀಳದಷ್ಟು ಹಿಡಿದರೆ ಸಾಕು. ಉಸಿರು ಬಿಟ್ಟ ಮೇಲೆ ಇಡು, ಬಿಡುವಾಗ ಇಡಬೇಡ" ಎಂದರು. ಆ ದಿನದಿಂದ ನನ್ನ ಕೈ ನಡುಗುವುದು ನಿಂತಿತು.

ಆ ಕೊಂಡಿಗಳು ಸುಮ್ಮನೆ ಅಲಂಕಾರಕ್ಕಲ್ಲ. ಸ್ಟೀರಿಂಗ್ ತಿರುಗಿಸಿದಾಗ ನಾಲ್ಕೂ ಮುಂಚಕ್ರಗಳು ಹೊರಳಬೇಕು. ಸ್ಟೀರಿಂಗಿನ ಸಂಪರ್ಕ ಮೊದಲ ಜೋಡಿಗೆ. ಅಲ್ಲಿಂದ ಕೊಂಡಿಗಳ ಮೂಲಕ ಚಲನೆ ಎರಡನೆಯ ಜೋಡಿಗೆ ಹೋಗುತ್ತದೆ. ನನ್ನ ಮಾದರಿಯಲ್ಲೂ ಹೊರಳುತ್ತವೆ.

[ದೃಶ್ಯ: ಬೆರಳಿನಿಂದ ಚಕ್ರ ತಿರುಗಿಸುವುದು. ನಾಲ್ಕೂ ಒಟ್ಟಿಗೆ ಹೊರಳುತ್ತವೆ. ಮಾತಿಲ್ಲದೆ ಐದು ಸೆಕೆಂಡ್.]

ಈ ಕಾರಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಆರು ಚಕ್ರವಲ್ಲ, ಇದು. ಚಾಲಕನ ಆಸನದ ಎರಡು ಪಕ್ಕಗಳಲ್ಲಿ ಪುಟ್ಟ ಕಿಟಕಿಗಳು. ಚಕ್ರಗಳು ಇಷ್ಟು ತಗ್ಗಿನಲ್ಲಿ ಇರುವುದರಿಂದ ಒಳಗೆ ಕುಳಿತವನಿಗೆ ಅವು ಕಾಣುತ್ತಲೇ ಇರಲಿಲ್ಲ. ಆದ್ದರಿಂದ ಒಡಲನ್ನೇ ಕೊರೆದು ಪಾರದರ್ಶಕ ಹಲಗೆ ಹಾಕಿದರು. ಹೊಸದೊಂದನ್ನು ಹುಟ್ಟಿಸಿದವರಿಗೆ ಅದರೊಡನೆ ಹುಟ್ಟಿದ ಸಣ್ಣ ತೊಂದರೆಯೂ ಕಂಡಿತ್ತು, ಅದಕ್ಕೆ ಇಷ್ಟು ಸರಳವಾದ ಉತ್ತರ ಸಿಕ್ಕಿತ್ತು ಎನ್ನುವುದು ನನ್ನನ್ನು ಮತ್ತೆ ಮತ್ತೆ ಮುಟ್ಟುತ್ತದೆ. ನನ್ನ ಕಿಟಕಿ ಮಾತ್ರೆ ಪಟ್ಟಿಯ ಪಾರದರ್ಶಕ ಪ್ಲಾಸ್ಟಿಕ್. ದೊಡ್ಡಪ್ಪನವರ ಬಿಪಿ ಮಾತ್ರೆಯದು.

1976ರ ಮೇ ತಿಂಗಳಲ್ಲಿ, ಸ್ಪೇನಿನ ಜರಾಮಾದಲ್ಲಿ, ಕಾರು ಮೊದಲ ಬಾರಿ ರೇಸಿಗೆ ಇಳಿಯಿತು. ಚಾಲಕ ಪ್ಯಾಟ್ರಿಕ್ ದಪಾಯೇ ಅರ್ಹತಾ ಸುತ್ತಿನಲ್ಲಿ ಅದನ್ನು ಮೂರನೆಯ ಸ್ಥಾನದಲ್ಲಿ ನಿಲ್ಲಿಸಿದರು. ಆದರೆ ಆ ರೇಸ್ ಮುಗಿಸಲಾಗಲಿಲ್ಲ. ಆರು ವಾರಗಳ ನಂತರ, ಜೂನ್ 13ರಂದು, ಸ್ವೀಡನ್ನಿನ ಆಂಡರ್‌ಸ್ಟಾರ್ಪ್. ತಂಡದ ಇನ್ನೊಬ್ಬ ಚಾಲಕ ಜೋಡಿ ಶೆಕ್ಟರ್ ಮೊದಲಿಗರು, ದಪಾಯೇ ಎರಡನೆಯವರು. ಫಾರ್ಮುಲಾ ಒನ್ ರೇಸ್ ಗೆದ್ದ ಆರು ಚಕ್ರಗಳ ಕಾರು ಇಂದಿಗೂ ಇದೊಂದೇ, ಗೆದ್ದದ್ದೂ ಆ ಒಂದು ಸಲವೇ. ವರ್ಷದ ಕೊನೆಗೆ ಶೆಕ್ಟರ್ ಚಾಂಪಿಯನ್‌ಷಿಪ್‌ನಲ್ಲಿ ಮೂರನೆಯವರು, ದಪಾಯೇ ನಾಲ್ಕನೆಯವರು. ಶೆಕ್ಟರ್‌ಗೆ ಕಾರು ಹಿಡಿಸಲಿಲ್ಲ, ಆ ವರ್ಷವೇ ತಂಡ ಬಿಟ್ಟರು. ದಪಾಯೇ ಮಾತ್ರ ಅದನ್ನು ಮನಸಾರೆ ನಂಬಿದ್ದರು.

ಹಾಗಾದರೆ ಅದು ಏಕೆ ಉಳಿಯಲಿಲ್ಲ? ಇದರ ಉತ್ತರ ನನಗೆ ಸರಿಯಾಗಿ ತಿಳಿದದ್ದು ಶಿರಾ ಗೇಟ್ ಕಡೆಯ ಒಂದು ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ. ನನ್ನ ಟೈರ್‌ಗಳೆಲ್ಲ ಪಂಪಿನ ರಬ್ಬರ್ ಓ-ರಿಂಗ್‌ಗಳು. ಒಂದರ ಪಕ್ಕ ಒಂದು ಅಂಟಿಸಿ, ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ ಉಜ್ಜಿ ಚಪ್ಪಟೆ ಮಾಡಿದ್ದು. ಹಿಂಚಕ್ರಕ್ಕೆ ಬೇಕಾದ ಅಳತೆ ಡಬ್ಬಗಟ್ಟಲೆ ಇತ್ತು, ಬೋರ್‌ವೆಲ್ ಇರುವ ಪ್ರತಿ ತೋಟದವರೂ ಕೊಳ್ಳುತ್ತಾರೆ. ಮುಂಚಕ್ರದ ಅಳತೆ ಕೇಳಿದಾಗ ಅಂಗಡಿಯವರು ಹೇಳಿದರು: "ಇದನ್ನು ಯಾರೂ ಕೇಳುವುದಿಲ್ಲ ಸಾರ್. ನಿಮ್ಮೊಬ್ಬರಿಗೋಸ್ಕರ ಹೇಗೆ ತರಿಸಲಿ?"

ಗುಡ್‌ಇಯರ್ ಕಂಪನಿಯಲ್ಲಿ ನಡೆದದ್ದೂ ಇದೇ. ಹಿಂದಿನ ದೊಡ್ಡ ಟೈರ್ ಎಲ್ಲ ತಂಡಗಳಿಗೂ ಬೇಕು, ಆದ್ದರಿಂದ ಅದು ತಿಂಗಳಿಂದ ತಿಂಗಳಿಗೆ ಸುಧಾರಿಸುತ್ತಾ ಹೋಯಿತು. 10 ಇಂಚಿನ ಮುಂಟೈರ್ ಬೇಕಾಗಿದ್ದದ್ದು ಟಿರೆಲ್ ಒಂದಕ್ಕೇ. ಅದು ಹಿಂದೆ ಬಿತ್ತು. ಹಿಂಭಾಗದ ಹಿಡಿತ ಹೆಚ್ಚಿ, ಮುಂಭಾಗ ಸಾಥ್ ಕೊಡದಾಯಿತು. 1977ರಲ್ಲಿ ಶೆಕ್ಟರ್ ಜಾಗಕ್ಕೆ ಚಾಲಕ ರೋನಿ ಪೀಟರ್ಸನ್ ತಂಡಕ್ಕೆ ಬಂದರು. ಕಾರಿನ ತೂಕ ಹೆಚ್ಚಾಗಿತ್ತು. ಹಿಡಿತಕ್ಕಾಗಿ ಮುಂಚಕ್ರಗಳನ್ನು ಹೊರಕ್ಕೆ ಸರಿಸಿದರು. ಹೊರಕ್ಕೆ ಸರಿಸಿದೊಡನೆ ಅವು ಮೂತಿಯ ಮರೆಯಿಂದ ಗಾಳಿಗೆ ಬಂದವು. ಯಾವುದಕ್ಕಾಗಿ ಚಿಕ್ಕ ಚಕ್ರ ಮಾಡಿದ್ದರೋ ಅದೇ ಕೈಬಿಟ್ಟುಹೋಯಿತು. ಗಾರ್ಡ್ನರ್ ತಂಡದಿಂದ ಹೊರನಡೆದರು, 1978ರಲ್ಲಿ ಟಿರೆಲ್ ನಾಲ್ಕು ಚಕ್ರಕ್ಕೆ ಮರಳಿತು. ಮಾರ್ಚ್, ವಿಲಿಯಮ್ಸ್ ಎಂಬ ಬೇರೆ ತಂಡಗಳು ಕಾರಿನ ಹಿಂಭಾಗದಲ್ಲಿ ನಾಲ್ಕು ಚಕ್ರ ಇಟ್ಟು ಪರೀಕ್ಷಿಸಿದವು, ಆದರೆ ರೇಸಿಗೆ ಇಳಿಸಲಿಲ್ಲ. 1983ರಿಂದ ನಾಲ್ಕೇ ಚಕ್ರ ಎಂಬುದು ನಿಯಮವಾಯಿತು.

ಪಿ34 ಸೋತ ಯೋಚನೆ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಹಳೆಯ ಕಾರುಗಳ ರೇಸ್‌ಗಳಿಗಾಗಿ ಏವನ್ ಕಂಪನಿ 10 ಇಂಚಿನ ಟೈರ್‌ಗಳನ್ನು ಹೊಸದಾಗಿ ಮಾಡಿಕೊಟ್ಟಾಗ ಇದೇ ಕಾರು ಮತ್ತೆ ಗೆದ್ದಿತು. ಯೋಚನೆಯಲ್ಲಿ ಕೊರತೆ ಇರಲಿಲ್ಲ, ಅದರ ಜೊತೆಗೆ ಹೆಜ್ಜೆ ಹಾಕುವ ರಬ್ಬರ್ ಇರಲಿಲ್ಲ. ಅಂದಹಾಗೆ, ಆ ಅಂಗಡಿಯವರು ಬೆಂಗಳೂರಿನಿಂದ ನನಗಾಗಿ ಹನ್ನೆರಡು ರಿಂಗ್ ತರಿಸಿಕೊಟ್ಟರು.

[ದೃಶ್ಯ: ನೀಲಿ ಬಣ್ಣ ಸ್ಪ್ರೇ ಮಾಡುವುದು.]

ಬಣ್ಣದ ವಿಚಾರ ಒಂದಿಷ್ಟು. ಸ್ಪ್ರೇ ಪದರ ಹತ್ತನೇ ಒಂದು ಮಿಲಿಮೀಟರ್ ದಪ್ಪವಾದರೂ, ನಿಜವಾದ ಕಾರಿನ ಲೆಕ್ಕದಲ್ಲಿ ಅದು ಎರಡು ಮಿಲಿಮೀಟರ್ ದಪ್ಪದ ಬಣ್ಣ. ಗೋಡೆಗೆ ಗಾರೆ ಮೆತ್ತಿದಂತೆ. ಆದ್ದರಿಂದ ತೆಳುವಾಗಿ, ಆರು ಸಲ, ನಡುವೆ ನೀರು ಹಾಕಿ 1200 ನಂಬರಿನ ಉಪ್ಪುಕಾಗದ. ಮಳೆಯ ದಿನ ಮಾಡಲೇಬೇಡಿ. ಗಾಳಿಯ ತೇವ ಸೇರಿ ಬಣ್ಣ ಹಾಲಿನಂತೆ ಮಂಕಾಗುತ್ತದೆ. ನನ್ನ ಮೊದಲ ನೀಲಿ ಹಾಗೆಯೇ ಹಾಳಾಯಿತು, ಪೂರ್ತಿ ಉಜ್ಜಿ ತೆಗೆದೆ.

ಕೊನೆಯದು ಅಕ್ಷರ. 1976ರ ಅಕ್ಟೋಬರ್‌ನಲ್ಲಿ ಜಪಾನಿನ ಫುಜಿಯಲ್ಲಿ, ಮಳೆಯಲ್ಲಿ ನಡೆದ ಒಂದು ಪ್ರಸಿದ್ಧ ರೇಸಿನಲ್ಲಿ, ಟಿರೆಲ್ ಕಾರುಗಳ ಮೇಲೆ ಚಾಲಕರ ಹೆಸರನ್ನು ಜಪಾನಿ ಲಿಪಿಯಲ್ಲಿ ಬರೆದಿದ್ದರು. ಊರಿನವರು ಓದಲಿ ಎಂದು. ದಪಾಯೇ ಅಂದು ಎರಡನೆಯ ಸ್ಥಾನ ಪಡೆದರು. ನಾಲ್ಕು ವರ್ಷದೊಳಗೆ, 1980ರ ಆಗಸ್ಟ್ 1ರಂದು, ಹಾಕೆನ್‌ಹೈಮ್‌ನಲ್ಲಿ ಬೇರೊಂದು ಕಾರಿನ ಪರೀಕ್ಷೆಯ ವೇಳೆ ತೀರಿಕೊಂಡರು. 35 ವರ್ಷ.

ನನ್ನ ಕಾರಿನ ನಂಬರ್ 4. ದಪಾಯೇ ಅವರದು. ಎರಡು ಕೂದಲಿನ ಕುಂಚದಲ್ಲಿ, ಉಸಿರು ಬಿಟ್ಟ ಮೇಲೆ, ಹೆಸರು ಬರೆದೆ.

[ದೃಶ್ಯ: ಕಿಟಕಿಯ ಮೇಲ್ಗಡೆ, ಬಿಳಿಯಲ್ಲಿ: ದಪಾಯೇ.]

ದೊಡ್ಡಪ್ಪ ಭೂತಗನ್ನಡಿ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು. ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ಆಮೇಲೆ ಕಿಟಕಿಯ ಒಳಗೆ ಇಣುಕಿ, "ಇಲ್ಲಿಂದ ಚಕ್ರ ಕಾಣುತ್ತದಪ್ಪಾ" ಎಂದರು.